ಸಾರಸವೂ ಸರಸವೂ

ಸಭೆಯಲ್ಲಿ ನಾಲ್ಕು ಜನರನ್ನು ನಗಿಸಿದ ಮಾತು ಬಹುಕಾಲದ ಮೇಲೆ ಆಡಿದವನನ್ನೇ ಚುಚ್ಚುವುದುಂಟು. ಅಂತಹ ಮಾತೊಂದು ನನ್ನ ಲೆಕ್ಕದಲ್ಲಿಯೂ ಇದೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳೋಣವೆಂದರೆ ಅಂದಿನ ಸಭೆ ಈಗ ಕೂಡುವುದಿಲ್ಲ. ಅಂದು ನಕ್ಕವರಲ್ಲಿ ಕೆಲವರು ಕಾಲವಾಗಿದ್ದಾರೆ. ಆದುದರಿಂದ ಈ ಪತ್ರಿಕೆಯ ವಾಚಕರ ಮುಂದೆ ಅದನ್ನು ಒಪ್ಪಿಸಿಬಿಡುವುದೇ ಲೇಸೆಂದು ತೋರಿತು.

೨೦೦೩ನೆಯ ಇಸವಿಯ ಚಳಿಗಾಲದ ಒಂದು ಸಂಜೆ. ನಮ್ಮ ಊರಿನ ವಾಚನಾಲಯದಲ್ಲಿ, ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವುದು ಹೇಗೆ ಎಂಬ ವಿಷಯವಾಗಿ ಗೋಷ್ಠಿ ಸೇರಿತ್ತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಬಂದಿದ್ದ. ವಿಮಾನದ ಮೈಗೆ ತಗಡು ಜೋಡಿಸುವ ಕೆಲಸ ಅವನದು. ಎದ್ದು ನಿಂತು, ಬಹು ಸಂಕೋಚದಿಂದ, "ನಾವು ಹದಿನಾಲ್ಕು ಜನ ಕೂರುವ ವಿಮಾನವೊಂದನ್ನು ಕಟ್ಟುತ್ತಿದ್ದೇವೆ. ಎರಡು ಇಂಜಿನು. ಸಾರಸ್ ಎಂದು ಹೆಸರು" ಎಂದ. ಆ ವಿಮಾನವು ೨೦೦೧ರಲ್ಲಿಯೇ ಹಾರಬೇಕಾಗಿತ್ತು, ಹಾರಿರಲಿಲ್ಲವೆಂಬುದನ್ನು ನಾನು ಪತ್ರಿಕೆಗಳಲ್ಲಿ ಓದಿದ್ದೆ. ಕೂತಲ್ಲಿಂದಲೇ, "ಎರಡು ವರ್ಷವಾದರೂ ನೆಲ ಬಿಡದೆ ಇರುವುದು ಸಾರಸವಲ್ಲಪ್ಪ, ಸರಕಾರದ ಸರಸ" ಎಂದೆ. ಸಭೆಯೆಲ್ಲ ನಕ್ಕಿತು. ಅವನೂ ಗುರುವಿನ ಮಾತೆಂದು ಮುಗುಳ್ನಕ್ಕು ಕುಳಿತುಕೊಂಡ. ಶ್ಲೇಷೆ ಚೆನ್ನಾಗಿತ್ತೆಂದು ಅಧ್ಯಕ್ಷರು ಮುಕ್ತಾಯದ ಭಾಷಣದಲ್ಲಿ ಹೊಗಳಿದರು. ಆ ರಾತ್ರಿ ನಾನು ಸುಖವಾಗಿ ನಿದ್ರೆ ಮಾಡಿದೆ.

ಈಗ ಆ ವಿಮಾನದ ಕಥೆ. ೧೯೫೯ರಲ್ಲಿ ಸ್ಥಾಪಿತವಾಗಿ ಮರುವರ್ಷ ಬೆಂಗಳೂರಿಗೆ ಬಂದ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯಲ್ಲಿ, ೧೯೮೦ರ ದಶಕದಲ್ಲಿ ಇದರ ಆಲೋಚನೆ ಮೊಳೆಯಿತು. ಆ ದಶಕದ ಉತ್ತರಾರ್ಧದಲ್ಲಿ ಅಲ್ಲಿ ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹರು. ಇವರ ತಂದೆ ಆರ್. ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರು, ಕನ್ನಡದಲ್ಲಿ ವಿಜ್ಞಾನವನ್ನು ಬರೆದ ಹಿರಿಯರು. ನಾವು ಅಂದು ಗೋಷ್ಠಿಯಲ್ಲಿ ಯಾರ ದಾರಿಯನ್ನು ಕೊಂಡಾಡುತ್ತಿದ್ದೆವೋ ಅವರ ಮಗನ ಸಂಸ್ಥೆಯ ಕೆಲಸವನ್ನೇ ನಾನು ಹಾಸ್ಯ ಮಾಡಿದ್ದೆನೆಂಬುದು ಆಮೇಲೆ ತಿಳಿಯಿತು.

ಉದ್ದೇಶವು ದೊಡ್ಡದೇನೂ ಅಲ್ಲ, ಆದರೆ ಬೇಕಾದುದು. ದೊಡ್ಡ ವಿಮಾನಗಳು ಇಳಿಯಲಾರದ ಊರುಗಳಿಗೆ ಹತ್ತು ಹದಿನಾಲ್ಕು ಜನರನ್ನು ಒಯ್ಯಬೇಕು. ವ್ಯಾಪಾರಿಗಳಿಗೂ ಅಧಿಕಾರಿಗಳಿಗೂ ಆಗಬೇಕು. ರೋಗಿಯನ್ನು ಸಾಗಿಸುವುದಕ್ಕೂ ಸಣ್ಣ ಸರಕು ಹೊರುವುದಕ್ಕೂ ಒದಗಬೇಕು. ಅಮೆರಿಕದ ಬೀಚ್‌ಕ್ರಾಫ್ಟ್ ಸಂಸ್ಥೆಯ ಕಿಂಗ್ ಏರ್ ೧೯೬೪ರಲ್ಲಿ ಮೊದಲು ಹಾರಿ ಇಂತಹ ಕೆಲಸಗಳಿಗೆ ಜಗತ್ತಿನಲ್ಲೆಲ್ಲ ಹೆಸರಾಗಿತ್ತು. ನಮ್ಮಲ್ಲಿ ಕಾನ್ಪುರದಲ್ಲಿ ಡಾರ್ನಿಯರ್ ವಿಮಾನಗಳು ತಯಾರಾಗುತ್ತಿದ್ದರೂ ಅವುಗಳ ನಕ್ಷೆ ಜರ್ಮನಿಯದು. ಇನ್ನೊಬ್ಬರ ನಕ್ಷೆಯಂತೆ ಮನೆ ಕಟ್ಟುವುದು ಬೇರೆ; ಇಲ್ಲಿ ಕಂಬ, ಇಲ್ಲಿ ಬಾಗಿಲು ಎಂದು ತಾನೇ ನಿಶ್ಚಯಿಸುವುದು ಬೇರೆ.

ಈ ಕೆಲಸಕ್ಕೆ ಮೊದಲು ಸಿಕ್ಕ ಜೊತೆಗಾರರು ರಷ್ಯದವರು. ಮಾಸ್ಕೋ ನಗರದ ಬಳಿಯ ಮಿಯಾಸಿಷ್ಚೆವ್ ಸಂಸ್ಥೆಯವರು ಅಂತಹದೇ ವಿಮಾನವೊಂದನ್ನು ಯೋಚಿಸುತ್ತಿದ್ದರು. ೧೯೯೧ರಲ್ಲಿ ಸೋವಿಯತ್ ಒಕ್ಕೂಟವೇ ಒಡೆದುಹೋಯಿತು; ಕೈಯಲ್ಲಿ ಹಣವಿಲ್ಲದೆ ಅವರು ಹಿಂದೆ ಸರಿದರು. ೧೯೯೮ರಲ್ಲಿ ಪೋಖರಣದ ಅಣುಪರೀಕ್ಷೆಯಾದ ಮೇಲೆ ಅಮೆರಿಕದ ನಿರ್ಬಂಧಗಳು ಬಂದುವು. ಹೊರಗಿನಿಂದ ಬರಬೇಕಾದ ಸಾಮಗ್ರಿಗಳು ತಡೆದುವು. ೧೯೯೯ರಲ್ಲಿ ಸರಕಾರವು ಮಂಜೂರು ಮಾಡಿದಾಗ ನಮ್ಮವರ ಪಾಲಿಗೆ ಉಳಿದುದು ಒಬ್ಬಂಟಿ ಕೆಲಸ. ವಾಚನಾಲಯದ ಕುರ್ಚಿಯಲ್ಲಿ ಕುಳಿತವನಿಗೆ ಎರಡು ವರ್ಷದ ತಡ ಕಾಣಿಸಿತೇ ಹೊರತು ಇವು ಯಾವುವೂ ಕಾಣಿಸಲಿಲ್ಲ.

೨೦೦೪ನೆಯ ಮೇ ೨೯ರಂದು ಸಾರಸ್ ಬೆಂಗಳೂರಿನಲ್ಲಿ ಮೊದಲ ಬಾರಿಗೆ ನೆಲವನ್ನು ಬಿಟ್ಟಿತು. ಪತ್ರಿಕೆಯಲ್ಲಿ ಚಿತ್ರವನ್ನು ನೋಡಿ ನಾನು ಶಿಷ್ಯನಿಗೆ ಅಭಿನಂದನೆಯ ಕಾಗದ ಬರೆದೆ. ನನ್ನ ಶ್ಲೇಷೆಯ ಪ್ರಸ್ತಾಪವನ್ನು ಮಾತ್ರ ಮಾಡಲಿಲ್ಲ. ಮುಂದೆ ಒಂದು ಭಾನುವಾರ ಅವನೇ ಮನೆಗೆ ಬಂದ. ನಾನು ಹೊಗಳಲು ತೊಡಗಿದೆ. ಅವನು ಕಾಫಿಯ ಲೋಟವನ್ನು ಕೆಳಗಿಟ್ಟು, "ಹಾರಿತು ಮೇಷ್ಟ್ರೇ, ಆದರೆ ತೂಕ ಬಹಳ ಹೆಚ್ಚಾಗಿದೆ" ಎಂದ. ಎಷ್ಟೆಂದು ಕೇಳಿದೆ. ಅಂದುಕೊಂಡುದಕ್ಕಿಂತ ಒಂದು ಟನ್ನಿಗೆ ಸಮೀಪವೆಂದ. ಒಂದು ಟನ್ನು ಎಂದರೆ ಹತ್ತು ಹನ್ನೆರಡು ಜನರ ಭಾರ. ಪ್ರಯಾಣಿಕರು ಹತ್ತುವುದಕ್ಕೆ ಮೊದಲೇ ಅವರ ಜಾಗವನ್ನು ಲೋಹವು ಆಕ್ರಮಿಸಿಕೊಂಡಂತಾಯಿತು.

ವಿಮಾನದಲ್ಲಿ ತೂಕವೆಂಬುದು ಸಾಲದ ಬಡ್ಡಿಯ ಹಾಗೆ ಬೆಳೆಯುವುದೆಂದು ಅವನು ವಿವರಿಸಿದ. ಮೈ ಭಾರವಾದರೆ ಹೆಚ್ಚು ಬಲದ ಇಂಜಿನು ಬೇಕು. ಅದು ಹೆಚ್ಚು ಎಣ್ಣೆ ಕುಡಿಯುತ್ತದೆ. ಅವೆರಡನ್ನೂ ಹೊರುವುದಕ್ಕೆ ಮೈಯನ್ನು ಇನ್ನೂ ಗಟ್ಟಿ ಮಾಡಬೇಕು. ಗಟ್ಟಿ ಮಾಡಿದರೆ ಮತ್ತೆ ತೂಕ. ಮೊದಲನೆಯ ವಿಮಾನಕ್ಕೆ ೮೫೦ ಅಶ್ವಶಕ್ತಿಯ ಇಂಜಿನುಗಳಿದ್ದುವು. ೨೦೦೭ನೆಯ ಏಪ್ರಿಲ್ ೧೮ರಂದು ಹಾರಿದ ಎರಡನೆಯದಕ್ಕೆ ೧೨೦೦ ಅಶ್ವಶಕ್ತಿಯವನ್ನು ಕೂಡಿಸಿದರು.

ಆ ಇಂಜಿನುಗಳಿದ್ದ ಸ್ಥಾನವೂ ವಿಶೇಷವಾದುದು. ಸಾಮಾನ್ಯವಾಗಿ ಅವು ರೆಕ್ಕೆಗಳ ಮೇಲಿದ್ದು, ಪ್ರೊಪೆಲರುಗಳು ಮುಂದಿನಿಂದ ವಿಮಾನವನ್ನು ಎಳೆಯುತ್ತವೆ. ಸಾರಸ್ಸಿನಲ್ಲಿ ಅವನ್ನು ಬಾಲದ ಹತ್ತಿರ ಪುಟ್ಟ ರೆಕ್ಕೆಗಳ ಮೇಲೆ ಕೂಡಿಸಿದ್ದರು. ಪ್ರೊಪೆಲರುಗಳು ಹಿಂದಿನಿಂದ ನೂಕುತ್ತಿದ್ದುವು. ಒಳಗೆ ಕುಳಿತವರಿಗೆ ಸದ್ದು ಕಡಮೆ. ರೆಕ್ಕೆಯ ಮೇಲಿನ ಗಾಳಿ ಕದಡುವುದಿಲ್ಲ. ಆದರೆ ಭಾರವೆಲ್ಲ ಹಿಂದಕ್ಕೆ ಸರಿಯುವುದರಿಂದ ಸಮತೂಕವನ್ನು ಸಾಧಿಸುವುದು ಕಷ್ಟ. ೧೯೮೦ರ ದಶಕದಲ್ಲಿ ಈ ಬಗೆಯ ರಚನೆಗೆ ಬಹಳ ಮರ್ಯಾದೆಯಿತ್ತು. ಅಮೆರಿಕದ ಸ್ಟಾರ್‌ಶಿಪ್ಪೂ ಇಟಲಿಯ ಅವಾಂತಿಯೂ ೧೯೮೬ರಲ್ಲಿ ಹಾರಿದುವು. ಬ್ರೆಜಿಲ್ ಮತ್ತು ಅರ್ಜೆಂಟೈನಾಗಳು ಕೂಡಿ ಕಟ್ಟಿದ ವಿಮಾನವು ೧೯೯೦ರಲ್ಲಿ ಹಾರಿತು. ಇವುಗಳಲ್ಲಿ ಹೆಚ್ಚು ಕಾಲ ಬಾಳಿದುದು ಅವಾಂತಿಯೊಂದೇ. ಸ್ಟಾರ್‌ಶಿಪ್ಪುಗಳು ಐವತ್ತಮೂರಕ್ಕೇ ನಿಂತುವು. ಬ್ರೆಜಿಲ್ಲಿನವರದು ಮಾರಾಟಕ್ಕೇ ಬರಲಿಲ್ಲ.

ಇನ್ನು ಹೇಳಬೇಕಾದುದು ಕಷ್ಟದ ಭಾಗ. ವಿಮಾನಕ್ಕೆ ಎರಡು ಇಂಜಿನುಗಳಿರುವುದು ಅಲಂಕಾರಕ್ಕಲ್ಲ. ಒಂದು ನಿಂತರೂ ಇನ್ನೊಂದು ಮನೆಗೆ ಮುಟ್ಟಿಸುವುದೆಂಬುದು ಅದು ಪ್ರಯಾಣಿಕನಿಗೆ ಕೊಡುವ ಮಾತು. ಆ ಮಾತು ನಿಜವೋ ಸುಳ್ಳೋ ಎಂಬುದನ್ನು ಪ್ರಯಾಣಿಕನು ಹತ್ತುವುದಕ್ಕೆ ಮುಂಚೆ ಯಾರಾದರೂ ಪರೀಕ್ಷಿಸಿ ನೋಡಬೇಕಷ್ಟೆ. ಅಂದರೆ ಆಕಾಶದಲ್ಲಿ ಒಂದು ಇಂಜಿನನ್ನು ಬೇಕೆಂದೇ ಆರಿಸಿ, ಮತ್ತೆ ಹೊತ್ತಿಸಬೇಕು. ೨೦೦೯ನೆಯ ಮಾರ್ಚ್ ೬, ಶುಕ್ರವಾರ ಮಧ್ಯಾಹ್ನ, ಎರಡನೆಯ ಸಾರಸ್ಸನ್ನು ಏರಿ ವಾಯುಪಡೆಯ ಮೂವರು ಅಧಿಕಾರಿಗಳು ಈ ಪರೀಕ್ಷೆಗೆ ಹೊರಟರು. ಇಬ್ಬರು ಚಾಲಕರು, ಒಬ್ಬರು ಪರೀಕ್ಷಾ ಇಂಜಿನಿಯರು. ಎಡಗಡೆಯ ಇಂಜಿನನ್ನು ಆರಿಸಿದರು. ಮತ್ತೆ ಹೊತ್ತಿಸುವ ಹೊತ್ತಿನಲ್ಲಿ ವಿಮಾನವು ಹತೋಟಿ ತಪ್ಪಿ, ಬಿಡದಿಯ ಬಳಿಯ ಶೇಷಗಿರಿಹಳ್ಳಿಯ ಬಯಲಿನಲ್ಲಿ ಬಿದ್ದು ಉರಿದುಹೋಯಿತು. ಮೂವರೂ ತೀರಿಕೊಂಡರು.

ಶೇಷಗಿರಿಹಳ್ಳಿ ನಮ್ಮ ಊರಿಗೆ ದೂರವಲ್ಲ. ಆದರೂ ಹೋಗಲು ನನಗೆ ಮನಸ್ಸಾದುದು ಕೆಲವು ವಾರಗಳ ಮೇಲೆ. ಬೇಸಗೆಯ ಬಿಸಿಲು, ಉಳದೆ ಬಿಟ್ಟ ನೆಲ, ಒಂದೆಡೆ ಮಣ್ಣು ಕಪ್ಪಗಿತ್ತು. ಎಮ್ಮೆ ಮೇಯಿಸುತ್ತಿದ್ದ ಮುದುಕರೊಬ್ಬರು ಹತ್ತಿರ ಬಂದರು. "ನೀವೂ ಇಮಾನ ನೋಡಾಕೆ ಬಂದ್ರಾ ಸ್ವಾಮಿ? ಎಲ್ಲಾ ಎತ್ಕೊಂಡು ಹೋದ್ರು" ಎಂದರು. ಏನು ಹೇಳಲೂ ನನಗೆ ತೋಚಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ, "ಬಂದೋರೆಲ್ಲ ಇಮಾನದ್ದೇ ಕೇಳ್ತಾರೆ. ಮೂರು ಜನ ಮಕ್ಕಳು, ಯಾವೂರ ಮಕ್ಕಳೋ, ಅವರ ತಾಯಂದಿರು ಹೆಂಗವ್ರೋ" ಎಂದರು. ವಿಮಾನದ ಹೆಸರೂ ತಿಳಿಯದ ಆ ವೃದ್ಧರು ಕೇಳಬೇಕಾದುದನ್ನು ಕೇಳಿದ್ದರು. ಆರು ವರ್ಷದ ಹಿಂದೆ, ಎಲ್ಲವೂ ತಿಳಿದವನ ಹಾಗೆ, ನಾನು ಆಡಿದ ಮಾತು ಆ ಬಿಸಿಲಿನಲ್ಲಿ ನೆನಪಾಯಿತು.

ವಾಚಕರು ಇಲ್ಲಿ ನನ್ನನ್ನು ತಡೆದು, ಹಾಗಾದರೆ ದೇಶದ ಕೆಲಸವನ್ನು ಯಾರೂ ಟೀಕಿಸಕೂಡದೆ ಎಂದು ಕೇಳಬಹುದು. ಅದು ನನ್ನ ಅಭಿಪ್ರಾಯವಲ್ಲ. ವಿಚಾರಣೆ ನಡೆಸಿದವರ ವರದಿಯೇ ನಿಷ್ಠುರವಾಗಿದೆ: ಇಂಜಿನನ್ನು ಮತ್ತೆ ಹೊತ್ತಿಸುವುದಕ್ಕೆ ಗೊತ್ತುಪಡಿಸಿದ ಕ್ರಮವೇ ಸರಿಯಾಗಿರಲಿಲ್ಲ, ಅದಕ್ಕೆ ಸಾಕಾದಷ್ಟು ಎತ್ತರವೂ ಇರಲಿಲ್ಲ. ಹೀಗೆ ದೋಷವನ್ನು ಬೆರಳಿಟ್ಟು ತೋರಿಸುವ ಮಾತು ಮುಂದೆ ಹಾರುವವನ ಪ್ರಾಣವನ್ನು ಕಾಯುತ್ತದೆ. ೨೦೦೩ರಲ್ಲಿ ಕೇಳಬಹುದಾಗಿದ್ದ ಒಳ್ಳೆಯ ಪ್ರಶ್ನೆಯೂ ಒಂದಿತ್ತು. ಬ್ರೆಜಿಲ್ ದೇಶದವರು ಇಂತಹ ಕೆಲಸಕ್ಕೆ ಕೈಹಾಕಿದಾಗ ಅತ್ಯಂತ ಸರಳವಾದ ರಚನೆಯನ್ನು ಆರಿಸಿಕೊಂಡರು. ಅವರ ಬಾಂದೈರಾಂತೆ ವಿಮಾನಕ್ಕೂ ಸಾರಸ್ಸಿಗೂ ಇದ್ದುದು ಒಂದೇ ಮನೆತನದ ಇಂಜಿನುಗಳು. ಆದರೆ ಅದರಲ್ಲಿ ಅವು ರೂಢಿಯಂತೆ ರೆಕ್ಕೆಯ ಮೇಲಿದ್ದುವು. ೧೯೬೮ರಲ್ಲಿ ಹಾರಿದ ಅದು ಸುಮಾರು ಐದು ನೂರರ ತನಕ ತಯಾರಾಯಿತು. ಅದನ್ನು ಕಟ್ಟುವುದಕ್ಕೆಂದೇ ೧೯೬೯ರಲ್ಲಿ ಹುಟ್ಟಿದ ಎಂಬ್ರೇಯರ್ ಸಂಸ್ಥೆಯು ಜಗತ್ತಿನ ದೊಡ್ಡ ವಿಮಾನ ತಯಾರಕರಲ್ಲಿ ಒಂದಾಯಿತು. ಹಿಂದಿನಿಂದ ನೂಕುವ ವಿಮಾನದಲ್ಲಿ ಅವರು ಸೋತುದು ಆಮೇಲಿನ ಮಾತು. ಅಷ್ಟು ಹೊತ್ತಿಗೆ ಆ ಸೋಲನ್ನು ತಡೆದುಕೊಳ್ಳುವ ಬಲ ಅವರಿಗೆ ಬಂದಿತ್ತು. "ಮೊದಲ ಹೆಜ್ಜೆಯಲ್ಲಿಯೇ ಇಷ್ಟು ಕಠಿಣವಾದ ರಚನೆ ಏತಕ್ಕೆ?" ಎಂದು ನಾನು ಶಿಷ್ಯನನ್ನು ಕೇಳಿದ್ದರೆ ಅದು ಟೀಕೆಯಾಗುತ್ತಿತ್ತು. ಅವನು ಉತ್ತರ ಕೊಡುತ್ತಿದ್ದ; ಸಭೆಗೆ ಏನಾದರೂ ತಿಳಿಯುತ್ತಿತ್ತು. ಹಾಗೆ ಕೇಳುವುದಕ್ಕೆ ನಾನು ಮೊದಲು ಓದಬೇಕಾಗಿತ್ತು. ಶ್ಲೇಷೆಗೆ ಅಷ್ಟು ಶ್ರಮ ಬೇಡ.

ಸಾರಸ ಪಕ್ಷಿಯ ಜೋಡಿಯಲ್ಲಿ ಒಂದು ಸತ್ತರೆ ಇನ್ನೊಂದು ಮೇವನ್ನು ಬಿಟ್ಟು ಕೊರಗುವುದೆಂದು ಜನ ನಂಬಿದ್ದಾರೆ. ವಾಲ್ಮೀಕಿಯ ಎದುರಿನಲ್ಲಿ ಬೇಡನ ಬಾಣಕ್ಕೆ ಬಿದ್ದ ಕ್ರೌಂಚವು ಈ ಸಾರಸವೇ ಎಂದು ಕೆಲವು ವಿದ್ವಾಂಸರ ಮತ. ಎರಡನೆಯ ಸಾರಸ್ ಬಿದ್ದ ಮೇಲೆ ಮೊದಲನೆಯದರ ಗತಿಯೂ ಹಾಗೆಯೇ ಆಯಿತು. ಹಣ ನಿಂತಿತು, ಕೆಲಸಗಾರರು ಚದರಿದರು. ನನ್ನ ಶಿಷ್ಯನೂ ಬೇರೊಂದು ವಿಭಾಗಕ್ಕೆ ಹೋದ. ಹಬ್ಬಕ್ಕೆ ಬಂದಾಗ ನಾವು ಮಳೆ ಬೆಳೆಯ ಮಾತಾಡುತ್ತಿದ್ದೆವು. ಆ ವಿಷಯವನ್ನು ಅವನೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ.

ಅಪಘಾತಕ್ಕೆ ಒಂಬತ್ತು ವರ್ಷ ತುಂಬಲು ಕೆಲವು ವಾರಗಳಿರುವಾಗ, ೨೦೧೮ನೆಯ ಜನವರಿ ೨೪ರಂದು, ಹಲವು ತಿದ್ದುಪಾಟುಗಳನ್ನು ಪಡೆದ ಮೊದಲನೆಯ ಸಾರಸ್ ಬೆಂಗಳೂರಿನ ಆಕಾಶಕ್ಕೆ ಮತ್ತೆ ಏರಿತು. ಅದರ ಅನುಭವದ ಮೇಲೆ ಹತ್ತೊಂಬತ್ತು ಆಸನಗಳ ಹೊಸ ವಿಮಾನವನ್ನು ರೂಪಿಸುವ ಕೆಲಸವನ್ನು ಸಂಸ್ಥೆಯು ಕೈಗೊಂಡಿತು. ಅಂದು ಸಂಜೆ ಶಿಷ್ಯನು ಫೋನು ಮಾಡಿ, "ಮೇಷ್ಟ್ರೇ, ಎದ್ದಿತು" ಎಂದಷ್ಟೇ ಹೇಳಿದ. ಅವನ ಕಂಠ ತುಂಬಿತ್ತು.

ಆಗ ನಾನು, "ಅಯ್ಯಾ, ವಾಚನಾಲಯದಲ್ಲಿ ಅಂದು ಒಂದು ಮಾತು ಆಡಿದ್ದೆ, ನೆನಪಿದೆಯೆ?" ಎಂದು ಕೇಳಿದೆ.

"ಇದೆ ಮೇಷ್ಟ್ರೇ" ಎಂದ.

"ಅದು ತಪ್ಪು."

ಸ್ವಲ್ಪ ಹೊತ್ತು ಅವನು ಮಾತಾಡಲಿಲ್ಲ. ಬಳಿಕ, "ಹತ್ತೊಂಬತ್ತು ಜನರದ್ದು ಎದ್ದ ದಿನ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ, ತಾವು ಬರಬೇಕು" ಎಂದ.

ಬರುತ್ತೇನೆಂದು ಮಾತು ಕೊಟ್ಟಿದ್ದೇನೆ. ನನಗೆ ವಯಸ್ಸಾಯಿತು, ಅವನಿಗೂ ನಿವೃತ್ತಿಯಾಗಿದೆ. ಆ ದಿನ ಬಂದರೆ, ಹೋಗುವ ದಾರಿಯಲ್ಲಿ ಶೇಷಗಿರಿಹಳ್ಳಿಯ ಬಯಲಿನ ಬಳಿ ಸ್ವಲ್ಪ ಹೊತ್ತು ಗಾಡಿಯನ್ನು ನಿಲ್ಲಿಸಬೇಕೆಂದು ಅವನಿಗೆ ಹೇಳಿಟ್ಟಿದ್ದೇನೆ.