ಸನ್ನೆ

ಕಳೆದ ವೈಶಾಖದ ಒಂದು ಸಂಜೆ, ಮಳೆಗಿಂತ ಮುಂಚಿತವಾಗಿ ಬಂದ ಗಾಳಿಯು ನಮ್ಮ ಹಿತ್ತಿಲಂಚಿನ ಕಾಟುಮಾವಿನ ಮರವನ್ನು, ಮೂರು ತಲೆಮಾರಿನವರಿಗೆ ಗೊಜ್ಜಿಗಾಗುವಷ್ಟು ಹುಳಿಯನ್ನು ತಪ್ಪದೆ ಒದಗಿಸಿದ ಆ ವೃದ್ಧವೃಕ್ಷವನ್ನು, ಬುಡಸಮೇತ ಮಗುಚಿಹಾಕಿದಾಗ ಮನೆಯವರೆಲ್ಲರೂ ಅದರ ಹಣ್ಣನ್ನು ನೆನೆದು ಮರುಗಿದರು. ನಾನೊಬ್ಬನು ಮಾತ್ರ, ಹೇಳಿಕೊಳ್ಳಲು ನಾಚಿಕೆ, ಬಚ್ಚಲೊಲೆಯನ್ನು ನೆನೆದು ಸಂತೋಷಪಟ್ಟೆನು. ನಮ್ಮದು ತೀರ್ಥಹಳ್ಳಿಯ ಸೀಮೆ. ವರ್ಷವೊಂದಕ್ಕೆ 250 ಅಂಗುಲಕ್ಕೂ ಮೀರಿ ಮಳೆ ಸುರಿಯುವ ಆಗುಂಬೆಯ ನೆರೆಯಲ್ಲಿ ಬಾಳುವವರಿಗೆ ಒಣಸೌದೆಯ ಮೇಲಿರುವ ಗೌರವವನ್ನು ವಿವರಿಸಿ ಹೇಳಬೇಕಾಗಿಲ್ಲ. ಹಸಿಯ ಮಾವು ಆ ವರ್ಷದ ಒಲೆಗೆ ಒದಗದೆಂಬುದು ನಿಜ; ಆದರೆ ಮೃಗಶಿರೆಯ ಮಳೆ ಹಿಡಿಯುವುದರೊಳಗಾಗಿ ಕೊಯ್ದು, ಸೀಳಿ, ಕೊಟ್ಟಿಗೆಯಲ್ಲಿ ಗಾಳಿಯಾಡುವಂತೆ ಒಟ್ಟಿಟ್ಟರೆ ಬರುವ ವರ್ಷ ಹಂಡೆಯ ನೀರು ತಣ್ಣಗೆ ಉಳಿಯುವ ಭಯವಿಲ್ಲ.

ಮರವನ್ನು ಕೊಯ್ಯುವುದೇ ಕಷ್ಟವೆಂದು ನಾನು ಭಾವಿಸಿದ್ದೆನು. ಯಂತ್ರಗರಗಸವನ್ನು ಹೆಗಲಿಗೇರಿಸಿಕೊಂಡು ಬಂದ ತರುಣನು ಒಂದೇ ಹೊತ್ತಿನಲ್ಲಿ ಆ ಭಾವನೆಯನ್ನು ಅಳಿಸಿ, ಕೊಂಬೆರೆಂಬೆಗಳನ್ನೆಲ್ಲ ಸವರಿ, ಬೊಡ್ಡೆಯ ಹತ್ತಡಿ ಉದ್ದದ ದಿಮ್ಮಿಯ ಮೇಲೆ ಒಂದೂವರೆ ಅಡಿಗೊಂದರಂತೆ ಗಾಯಗಳನ್ನು ಮಾಡಿ, ಪ್ರತಿಯೊಂದನ್ನೂ ಮುಕ್ಕಾಲು ಪಾಲಿಗೆ ನಿಲ್ಲಿಸಿ, ಇನ್ನು ಇದನ್ನು ಹೊರಳಿಸಿಕೊಡಿರೆಂದು ಬೀಡಿ ಹಚ್ಚಿ ಕುಳಿತನು. ಅವನದೇನೂ ತಪ್ಪಲ್ಲ. ಗರಗಸದ ಮೂತಿ ನೆಲವನ್ನು ಮುಟ್ಟಿತೆಂದರೆ ಒಂದು ಹರಳುಕಲ್ಲಿಗೆ ಹಲ್ಲೆಲ್ಲ ಮೊಂಡಾಗುತ್ತವೆ. ನೆಲದ ಉಬ್ಬುತಗ್ಗುಗಳ ಮೇಲೆ ಮಲಗಿದ ಮರ, ಕೊಯ್ಯುತ್ತ ಹೋದಂತೆ ನಡು ಕುಸಿದು ಸೀಳಿನ ಬಾಯನ್ನು ಮುಚ್ಚಿ, ಒಳಗಿದ್ದ ಅಲಗನ್ನು ಮೊಸಳೆಯಂತೆ ಕಚ್ಚಿಕೊಳ್ಳುವುದೂ ಉಂಟು. ಮೇಲಿನಿಂದ ಮುಕ್ಕಾಲು ಕೊಯ್ದು, ದಿಮ್ಮಿಯನ್ನು ಮಗುಚಿ, ಉಳಿದ ಕಾಲನ್ನು ಬೆನ್ನಿನ ಕಡೆಯಿಂದ ಮುಗಿಸುವುದೇ ಕ್ರಮ. ಆದರೆ ಮಗುಚುವುದೆಂತು? ಮೂರಡಿ ಅಡ್ಡಳತೆಯ ಆ ದಿಮ್ಮಿ ಲೆಕ್ಕಕ್ಕೆ 70 ಘನ ಅಡಿಯಾಗುತ್ತದೆ. ಹಸಿಮಾವು ನೀರಿಗಿಂತ ತುಸು ಹಗುರವೆಂದು ಹಿಡಿದರೂ ಒಂದೂವರೆ ಟನ್ನಿಗೆ ಕಡಮೆಯಿರಲಾರದು. ನಾಲ್ವರು ಭುಜ ಕೊಟ್ಟೆವು, ‘ಐಸಾ’ ಎಂದು ಊರಿಗೆ ಕೇಳುವಂತೆ ಕೂಗಿದೆವು. ದಿಮ್ಮಿಗೆ ಕೇಳಿದಂತೆ ತೋರಲಿಲ್ಲ.

ಮರುದಿನ ಬಂದ ಮುದುಕನ ಬಳಿ ಇದ್ದುದು ಆರಡಿಯ ಎರಡು ಹಾರೆಗಳು, ಜಂಬೆಮರದ ಒಂದು ಗಳು, ಒಂದು ಕೊಡಲಿ, ಒಂದು ಚೀಲ ಮರದ ತುಂಡುಗಳು, ಇಷ್ಟೆ. ಆತನು ಮೊದಲು ದಿಮ್ಮಿಯ ಸುತ್ತ, ದೇವರಿಗೆ ಬರುವವರಂತೆ, ನಿಧಾನವಾಗಿ ಮೂರು ಸುತ್ತು ಬಂದನು. ನೆಲ ಎತ್ತ ವಾಲಿದೆ, ಮರದ ಗುಬ್ಬು ಎಲ್ಲಿ ನೆಲವನ್ನು ಒತ್ತಿದೆ, ಯಾವ ಮಗ್ಗುಲಿಗೆ ಹೊರಳುವುದು ಅದಕ್ಕೇ ಇಷ್ಟ ಎಂಬುದನ್ನು ನೋಡಿಕೊಂಡ ಮೇಲೆ, ಹಾರೆಯ ತುದಿಯನ್ನು ದಿಮ್ಮಿಯಡಿಗೆ ತೂರಿಸಿ, ತುದಿಯಿಂದ ಅರ್ಧ ಅಡಿಯೀಚೆಗೆ ಒಂದು ತುಂಡನ್ನು ಆನಿಕೆಯಾಗಿ ಇಟ್ಟನು. ಒಂದು ಕಡೆ ಅರ್ಧ ಅಡಿ, ಇನ್ನೊಂದು ಕಡೆ ಐದೂವರೆ ಅಡಿ: ನಲವತ್ತು ಸೇರಿನ ಭಾರ ಕೊಟ್ಟರೆ ಅತ್ತ ನಾನೂರನಲವತ್ತು ಸೇರು ಏಳಬೇಕು. ಪ್ರಕೃತಿ ಈ ಲಾಭವನ್ನು ಪುಕ್ಕಟೆಯಾಗಿ ಕೊಡುವುದಿಲ್ಲವೆಂಬುದು ಬೇರೆ ಮಾತು. ಕೈ ಹನ್ನೊಂದು ಅಂಗುಲ ಇಳಿದರೆ ಮರ ಏಳುವುದು ಒಂದೇ ಅಂಗುಲ.

ಇದನ್ನು ನಮ್ಮ ಪಠ್ಯಪುಸ್ತಕಗಳು ಸನ್ನೆ ಎಂದು ಕರೆಯುತ್ತವೆ. ಕಣ್ಣಿನಿಂದಲೋ ಬೆರಳಿನಿಂದಲೋ ಮಾಡುವುದಕ್ಕೂ ಸನ್ನೆಯೆಂದೇ ಹೆಸರು. ಶಬ್ದಶಾಸ್ತ್ರಜ್ಞರು ಇವೆರಡರ ಮೂಲ ಬೇರೆಯೆಂದು ಹೇಳಿಯಾರು, ಹೇಳಲಿ. ಆ ಮುದುಕನು ಕೆಲಸ ಮಾಡಿದುದನ್ನು ಕಂಡವನಿಗೆ ಅವು ಬೇರೆಯಾಗಿ ತೋರುವುದಿಲ್ಲ. ನಾವು ನಾಲ್ವರು ಕೂಗಿ ಹೇಳಿದರೂ ಕೇಳದ ದಿಮ್ಮಿ ಅವನ ಹಾರೆಯ ಸನ್ನೆಯನ್ನು ತಿಳಿದುಕೊಂಡಿತು. ಮೀಟು ಎಂಬ ಶಬ್ದವನ್ನೂ ಗಮನಿಸಬೇಕು: ಹಾರೆಯಿಂದ ಬಂಡೆಯನ್ನೂ ಮೀಟುತ್ತೇವೆ, ಬೆರಳಿನಿಂದ ವೀಣೆಯನ್ನೂ ಮೀಟುತ್ತೇವೆ. ಕನ್ನಡವನ್ನು ಕಟ್ಟಿದವರು ಈ ಎರಡು ಕೆಲಸಗಳನ್ನೂ ಕೈಯಾರೆ ಮಾಡಿದವರಿರಬೇಕು.

ಆತನ ನಿಜವಾದ ವಿದ್ಯೆ ಎತ್ತುವುದರಲ್ಲಿರಲಿಲ್ಲ, ಎತ್ತಿದುದನ್ನು ಉಳಿಸಿಕೊಳ್ಳುವುದರಲ್ಲಿತ್ತು. ಒಂದು ಅಂಗುಲ ಎದ್ದೊಡನೆ, ಇನ್ನೊಂದು ಅಂಗುಲದ ಆಸೆಗೆ ಬೀಳದೆ, ಕಾಲಿನಿಂದಲೇ ಒಂದು ಒತ್ತನ್ನು ಅಡಿಗೆ ನೂಕುವನು. ಅನಂತರ ಹಾರೆಯನ್ನು ತೆಗೆದು, ಆನಿಕೆಯನ್ನು ಏರಿಸಿ, ಮತ್ತೊಂದು ಅಂಗುಲ, ಮತ್ತೊಂದು ಒತ್ತು. ಈ ಜಿಪುಣತನವನ್ನು ಸಹಿಸದೆ ನಾನು ಎರಡನೆಯ ಹಾರೆಯನ್ನು ಹಿಡಿದು, ಎದೆಯನ್ನೇ ಅದರ ಮೇಲೆ ಹೇರಿ, ಒತ್ತಿಲ್ಲದೆ ಒಂದೇ ಉಸಿರಿಗೆ ಗೇಣಿನಷ್ಟು ಎತ್ತಿದೆನು. ಉಸಿರು ಮುಗಿಯಿತು, ದಿಮ್ಮಿ ಹಿಂದಿರುಗಿತು, ಹಾರೆಯ ಬಾಲ ನನ್ನ ಗಲ್ಲವನ್ನು ಸವರಿಕೊಂಡು ಕನ್ನಡಕವನ್ನು ಬಾಳೆಯ ಬುಡಕ್ಕೆ ಕಳುಹಿಸಿತು. ಹಾರೆಯ ಮಗ್ಗುಲಲ್ಲಿ ನಿಲ್ಲಬೇಕು, ಮೇಲೆ ಬಾಗಬಾರದು, ಇಳಿಜಾರಿನ ಕೆಳಗಡೆಗಂತೂ ಕಾಲಿಡಲೇಬಾರದು ಎಂಬುದನ್ನು ಮುದುಕನು ನಗದೆ ಹೇಳಿದನು. ನಗದಿದ್ದುದು ಅವನ ದೊಡ್ಡತನ.

ಅಮೆರಿಕೆಯ ಮೇನ್ ಪ್ರಾಂತದಲ್ಲಿ ಜೋಸೆಫ್ ಪೀವಿ ಎಂಬ ಕಮ್ಮಾರನಿದ್ದನು. ಅಲ್ಲಿ ಹೊಳೆಯಲ್ಲಿ ತೇಲಿಬಿಟ್ಟ ದಿಮ್ಮಿಗಳನ್ನು ಹೊರಳಿಸುವವರ ಗಳುಗಳಿಗೆ ಒಂದು ಕೊಕ್ಕೆ ಇರುತ್ತಿತ್ತು. ಅದು ಸಡಿಲವಾಗಿದ್ದು ಬೇಕಾದತ್ತ ಓಲಾಡುತ್ತ, ಕಚ್ಚಬೇಕಾದಲ್ಲಿ ಕಚ್ಚದೆ ಕೆಲಸದವರನ್ನು ನೀರಿಗೆ ಕೆಡವುತ್ತಿತ್ತು. 1850ರ ದಶಕದಲ್ಲಿ ಪೀವಿ ಆ ಕೊಕ್ಕೆಯನ್ನು ಮೇಲಕ್ಕೂ ಕೆಳಕ್ಕೂ ಮಾತ್ರ ಆಡುವಂತೆ ಬಿಗಿದು, ಗಳುವಿನ ತುದಿಗೆ ಒಂದು ಮೊನೆಯನ್ನು ಜೋಡಿಸಿದನು. ಆ ಸಲಕರಣೆಗೆ ಇಂದಿಗೂ ಅವನ ಹೆಸರೇ ನಡೆಯುತ್ತದೆ. ನಮ್ಮ ಹಾರೆಗೆ ಕೊಕ್ಕೆಯಿಲ್ಲ, ಅದನ್ನು ಮಾಡಿದವನ ಹೆಸರೂ ಇಲ್ಲ. ಮಲೆನಾಡಿನ ಕೂಪುಗಳಲ್ಲಿ ಭಾರಿ ನಾಟಾಗಳನ್ನು ಹಣೆಕೊಟ್ಟು ಹೊರಳಿಸುತ್ತಿದ್ದ ಆನೆಗೆ ಇವೆರಡೂ ಬೇಕಿರಲಿಲ್ಲ. ಸೌದೆಗಾಗಿ ಆನೆ ಕಟ್ಟುವವರು ಯಾರು?

ಕೊಕ್ಕೆಯಿಲ್ಲದುದಕ್ಕೆ ಮುದುಕನು ಕಂಡುಕೊಂಡಿದ್ದ ಉಪಾಯವನ್ನು ನಾನು ಮೊದಲೇ ಹಾಳುಮಾಡಲು ಹೊರಟಿದ್ದೆನು. ಗರಗಸದ ತರುಣನು ಒಂದು ಕೊಂಬೆಯನ್ನು ಪೂರ್ತಿ ಸವರದೆ ಮೊಳದುದ್ದದ ಮೋಟನ್ನು ಬಿಟ್ಟಿದ್ದನು. ಅಂದಗೇಡೆಂದು, ಅದನ್ನು ಕಡಿದುಹಾಕುವಂತೆ ನಾನು ಮುದುಕನಿಗೆ ಎರಡು ಬಾರಿ ಹೇಳಿದ್ದೆನು. ಎರಡು ಬಾರಿಯೂ ಆತನಿಗೆ ಕಿವಿ ಮಂದವಾಯಿತು. ಒತ್ತುಗಳ ಮೇಲೆ ದಿಮ್ಮಿ ಇನ್ನೇನು ವಾಲಬೇಕೆಂಬಾಗ, ಜಂಬೆಯ ಗಳುವನ್ನು ಆ ಮೋಟಿನಡಿಗೆ ಕೊಟ್ಟು, ನೀರು ಸೇದುವವನಷ್ಟೇ ಶ್ರಮದಿಂದ ಮೇಲಕ್ಕೆ ಒತ್ತಿದನು. ದಿಮ್ಮಿ ಒಮ್ಮೆ ಯೋಚಿಸಿದಂತೆ ನಿಂತು, ಮೆಲ್ಲನೆ ಮಗ್ಗುಲಾಗಿ ಮಲಗಿತು. ಅಡಿಯಲ್ಲಿ ಬಿಳಿಚಿದ ಗರಿಕೆ, ಸುರುಳಿಗೊಂಡ ಸಹಸ್ರಪದಿಗಳು, ಜಜ್ಜಿದ ಮಿಡಿಗಾಯಿಗಳ ಹುಳಿವಾಸನೆ.

ತರುಣನು ಬೀಡಿಯನ್ನು ಎಸೆದು ಯಂತ್ರವನ್ನು ಹೂಡಿದನು. ಮುದುಕನು ಕೊಡಲಿಯೆತ್ತಿ ಮೂರೇ ಪೆಟ್ಟಿಗೆ ಆ ಮೋಟನ್ನು ಕಡಿದು ನನ್ನ ಕೈಗೆ ಕೊಟ್ಟನು. ಅದು ಇನ್ನೂ ಒಲೆಗೆ ಹೋಗಿಲ್ಲ. ಗಾಳಿಗೆ ಬಡಿದುಕೊಳ್ಳುವ ಸೌದೆಕೊಟ್ಟಿಗೆಯ ಬಾಗಿಲಿಗೆ ಒತ್ತಾಗಿದೆ.