ತಿಮಿಂಗಿಲದ ಮನೆಗೆ ಹೋಗಿ ಬಂದೆವು

ಕಡಲ ದಂಡೆಯಲ್ಲಿ ಹುಟ್ಟಿದವರು ಕಡಲು ನೋಡಲು ಏಳು ಸಮುದ್ರ ದಾಟಿ ಹೋದರೆಂದರೆ ಯಾರಿಗಾದರೂ ನಗು ಬರುವುದು ಸಹಜ. ನಮ್ಮ ಊರಿನವರೂ ನಕ್ಕರು. ನಾವು ದಂಪತಿಗಳಿಬ್ಬರೂ ಕುಮಟೆಯ ಕಡೆಯವರು. ಮುಂಬಯಿಗೆ ಬಂದು 38 ವರ್ಷಗಳಾದುವು. ಊರಿನಲ್ಲಿದ್ದಾಗಲೂ ಕಡಲು, ಇಲ್ಲಿಯೂ ಕಡಲು. ಹೀಗಿದ್ದೂ 2023ರ ಜೂನ್ ತಿಂಗಳಲ್ಲಿ ನಾವು ಭೂಮಿಯ ನೆತ್ತಿಯ ಸಮೀಪದ ಒಂದು ಕೊಲ್ಲಿಯಲ್ಲಿ, ಹಳೆಯ ಮೀನುದೋಣಿಯೊಂದರ ಅಂಚು ಹಿಡಿದುಕೊಂಡು, ಗಡಗಡ ನಡುಗುತ್ತ ನಿಂತಿದ್ದೆವು. ಮರಳಿ ಬಂದ ಮೇಲೆ ಕೇಳಿದವರಿಗೆಲ್ಲ ತಿಮಿಂಗಿಲದ ಗಾತ್ರವನ್ನು ಬಣ್ಣಿಸಿದ್ದಾಯಿತು. ಹೇಳದೆ ಉಳಿದ ಮಾತೊಂದಿದೆ. ಅದನ್ನು ಸಂಘದ ಬಂಧುಗಳ ಮುಂದಿಡಬೇಕೆಂದೇ ಈ ಬರಹ.

ಪ್ರಯಾಣಕ್ಕೆ ಕಾರಣಳು ನಮ್ಮ ಮಗಳು. ಅವಳಿಗೆ ಕೋಪನ್‌ಹೇಗನ್ನಿನಲ್ಲಿ ಕೆಲಸ. "ಈ ಬೇಸಗೆಗೆ ಬನ್ನಿ, ಐಸ್‌ಲೆಂಡಿಗೆ ಹೋಗಿ ತಿಮಿಂಗಿಲ ನೋಡೋಣ, ಅತ್ತೆಯನ್ನೂ ಕರೆದುಕೊಂಡೇ ಬರಬೇಕು" ಎಂದು ಹಠ ಹಿಡಿದಳು. ಅತ್ತೆಯೆಂದರೆ ನಮ್ಮ ಅಕ್ಕ. ನಮ್ಮಿಬ್ಬರಲ್ಲಿ ಒಬ್ಬರಿಗೆ ಒಡಹುಟ್ಟಿದವಳು, ಇನ್ನೊಬ್ಬರಿಗೆ ಅತ್ತಿಗೆ. ಆದರೆ ಮನೆಯಲ್ಲಿ ಕರೆಯುವಾಗ ಇಬ್ಬರಿಗೂ ಅಕ್ಕನೇ. ವಯಸ್ಸು 71. ಮಗಳು ಹುಟ್ಟಿದಾಗ ತವರಿಗೆ ಹೋಗುವ ಅನುಕೂಲ ನಮಗಿರಲಿಲ್ಲ. ಅಕ್ಕನೇ ಮುಂಬಯಿಗೆ ಬಂದು ಮೂರು ತಿಂಗಳು ನಿಂತು ಬಾಣಂತನ ಮಾಡಿದಳು. ಅದೊಂದನ್ನು ಬಿಟ್ಟರೆ ಊರು ಬಿಟ್ಟು ಹೊರಟವಳಲ್ಲ. ಅವಳ ಮನೆಯಂಗಳಕ್ಕೆ ತೆರೆಯ ಸದ್ದು ಕೇಳಿಸುತ್ತದೆ. ಹೊಳೆಯನ್ನು ದೋಣಿಯಲ್ಲಿ ದಾಟಿದ್ದುಂಟು. ಆದರೆ ಕಡಲಿಗೆ ಇಳಿದವಳಲ್ಲ. "ಕಡಲು ಕೈಮುಗಿಯೋದಕ್ಕೆ, ಸವಾರಿ ಮಾಡೋದಕ್ಕಲ್ಲ" ಎಂಬುದು ಅವಳ ಸಿದ್ಧಾಂತ. ಅಂಥವಳು ಮಗುವಿನ ಮುಖ ನೋಡುವ ಆಸೆಯಿಂದ ಹೊರಟಳು. ತಿಮಿಂಗಿಲ ಅವಳಿಗೆ ನೆಪ ಮಾತ್ರ.

ಐಸ್‌ಲೆಂಡಿನ ಉತ್ತರ ಕರಾವಳಿಯಲ್ಲಿ ಹೂಸವಿಕ್ ಎಂಬ ಪುಟ್ಟ ಊರಿದೆ. ಜನಸಂಖ್ಯೆ ಎರಡೂವರೆ ಸಾವಿರದ ಆಸುಪಾಸು. ನಮ್ಮ ಮುಂಬಯಿಯ ನಾಲ್ಕಾರು ಕಟ್ಟಡಗಳ ಜನ ಸೇರಿದರೆ ಆ ಊರು ತುಂಬಿಹೋದೀತು. ಬಂದರಿನ ಮೇಲ್ಗಡೆ 1907ರಲ್ಲಿ ಕಟ್ಟಿದ ಮರದ ಇಗರ್ಜಿ, ಎದುರಿಗೆ ಕೊಲ್ಲಿ, ಕೊಲ್ಲಿಯಾಚೆ ಜೂನಿನಲ್ಲೂ ಹಿಮ ಹೊತ್ತ ಬೆಟ್ಟಸಾಲು. ಆ ದಿನಗಳಲ್ಲಿ ಸೂರ್ಯನು ನಡುರಾತ್ರಿ ಕಳೆದ ಮೇಲೆ ಮುಳುಗಿದಂತೆ ಮಾಡಿ ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ಬರುತ್ತಾನೆ, ಕತ್ತಲಾಗುವುದೇ ಇಲ್ಲ. "ದೇವರಿಗೆ ದೀಪ ಹಚ್ಚೋದು ಯಾವಾಗ?" ಎಂಬ ಅಕ್ಕನ ಪ್ರಶ್ನೆಗೆ ನಮ್ಮಲ್ಲಿ ಯಾರೂ ಉತ್ತರ ಕೊಡಲಾರದೆ ಹೋದೆವು. ಕೊನೆಗೆ ಕುಮಟೆಯ ಗಡಿಯಾರವೇ ಸರಿಯೆಂದು ತೀರ್ಮಾನವಾಯಿತು.

ಕೊಲ್ಲಿಯ ಹೆಸರು ಸ್ಕ್ಯಾಲ್ವಂದಿ. ನಡುಗುವುದು ಎಂದು ಅರ್ಥವಂತೆ. ಅಲ್ಲಿ ಭೂಕಂಪಗಳು ಹೆಚ್ಚು. ಹಿಮ ಕರಗಿದ ನೀರನ್ನು ಹೊತ್ತು ನದಿಗಳು ಅದಕ್ಕೆ ಬಂದು ಸೇರುತ್ತವೆ. ತಣ್ಣನೆಯ ನೀರು, ನದಿ ತಂದ ಸಾರ, ಇಪ್ಪತ್ತನಾಲ್ಕು ಗಂಟೆಯ ಬೆಳಕು, ಇವು ಮೂರೂ ಕೂಡಿದಾಗ ಕಣ್ಣಿಗೆ ಕಾಣದ ಸಸ್ಯಾಣುಗಳು ಬೆಳೆಯುತ್ತವೆ. ಅವನ್ನು ತಿನ್ನಲು ಸಿಗಡಿಯಂಥ ಸಣ್ಣ ಜೀವಿಗಳು, ಆ ಜೀವಿಗಳನ್ನು ತಿನ್ನಲು ಮೀನುಗಳು, ಇವೆಲ್ಲವನ್ನೂ ತಿನ್ನಲು ತಿಮಿಂಗಿಲಗಳು ಬರುತ್ತವೆ. ಒಟ್ಟಿನಲ್ಲಿ ಅದೊಂದು ದೊಡ್ಡ ಊಟದ ಪಂಕ್ತಿ. ಬೇಸಗೆಯ ಕೆಲವೇ ತಿಂಗಳು ನಡೆಯುವ ಪಂಕ್ತಿ.

ಹೂಸವಿಕ್‌ನಲ್ಲಿ ತಿಮಿಂಗಿಲ ತೋರಿಸುವ ದೋಣಿಗಳು ಶುರುವಾದದ್ದು 1995ರಲ್ಲಿ. ಕೆಲಸ ತಪ್ಪಿದ ಹಳೆಯ ಓಕ್ ಮರದ ಮೀನುದೋಣಿಗಳನ್ನು ದುರಸ್ತಿ ಮಾಡಿ, ಮೀನಿನ ಬದಲು ಪ್ರವಾಸಿಗಳನ್ನು ತುಂಬತೊಡಗಿದರು. ನಾವು ಹತ್ತಿದ್ದೂ ಅಂಥದೇ ದೋಣಿ. ಹತ್ತುವ ಮುನ್ನ ಎಲ್ಲರಿಗೂ ಕುತ್ತಿಗೆಯಿಂದ ಪಾದದವರೆಗೆ ಒಂದೇ ತುಂಡಿನ ದಪ್ಪ ಅಂಗಿ ಕೊಡುತ್ತಾರೆ. ಸೀರೆಯ ಮೇಲೆ ಅದನ್ನು ಹಾಕಿಕೊಳ್ಳುವುದು ಹೇಗೆ? ದಕ್ಕೆಯ ಬಳಿಯ ಕೋಣೆಯೊಂದರಲ್ಲಿ ಅರ್ಧ ಗಂಟೆ ಚರ್ಚೆಯಾಗಿ, ಅಕ್ಕ ಮಗಳ ಪಾಯಿಜಾಮ ತೊಟ್ಟು, ಅದರ ಮೇಲೆ ಆ ಕವಚ ಧರಿಸಿ, ದೊಡ್ಡ ಗಂಟಿನಂತೆ ಹೊರಬಂದಳು. ಹಲಗೆಯ ಬಳಿ ಕ್ಷಣಕಾಲ ನಿಂತಳು. "ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳೆಯೇ" ಎಂದು ತನಗೆ ತಾನೇ ಹೇಳಿಕೊಂಡು, ಬಗ್ಗಿ ನೀರಿಗೆ ಕೈ ಮುಗಿದು ಹತ್ತಿದಳು. ಹೊಟ್ಟೆ ತೊಳಸಿದರೆಂದು ಒಣಗಿಸಿದ ಮುರುಗಲ ಸಿಪ್ಪೆ ಕಟ್ಟಿಕೊಂಡು ಬಂದಿದ್ದಳು. ನಾವೂ ಅದನ್ನೇ ಬಾಯಲ್ಲಿಟ್ಟುಕೊಂಡು ಕುಳಿತೆವು.

ಮೊದಲ ದಿನ ತಿಮಿಂಗಿಲ ಕಾಣಲಿಲ್ಲ. ಮೂರು ಗಂಟೆ ಗಾಳಿ ತಿಂದದ್ದೇ ಲಾಭ. ಆದರೆ ಹಕ್ಕಿಗಳಿಗೆ ಬರಗಾಲವಿರಲಿಲ್ಲ. ಕೊಲ್ಲಿಯಲ್ಲಿ ಲುಂಡೆ ಎಂಬ ಚಿಕ್ಕ ದ್ವೀಪವಿದೆ. ಪಫಿನ್ ಹಕ್ಕಿಯ ದ್ವೀಪವೆಂದೇ ಅದರ ಹೆಸರಿನ ಅರ್ಥ. ಜಗತ್ತಿನ ಅಟ್ಲಾಂಟಿಕ್ ಪಫಿನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಐಸ್‌ಲೆಂಡಿನಲ್ಲಿಯೇ ಮರಿ ಮಾಡುತ್ತವೆ. ಕಪ್ಪು ಕೋಟು, ಬಿಳಿಯ ಎದೆ, ಕಿತ್ತಳೆ ಬಣ್ಣದ ಕೊಕ್ಕು. ನೋಡಿದರೆ ಮದುವೆಮನೆಯ ಬ್ಯಾಂಡಿನವರ ನೆನಪಾಗುತ್ತದೆ. ಹಾರುವಾಗ ಮಾತ್ರ ನಿಮಿಷಕ್ಕೆ 400 ಸಲದವರೆಗೂ ರೆಕ್ಕೆ ಬಡಿಯುತ್ತ, ರೈಲು ತಪ್ಪಿಹೋಗುತ್ತದೆಯೆಂಬ ಗಾಬರಿಯಲ್ಲಿ ಹಾರುತ್ತದೆ. ಚಳಿಗಾಲವನ್ನೆಲ್ಲ ನಡುಗಡಲಿನಲ್ಲಿ ಕಳೆದು, ಬೇಸಗೆಗೆ ಹೆಚ್ಚಾಗಿ ಅದೇ ಬಿಲಕ್ಕೆ, ಅದೇ ಸಂಗಾತಿಯ ಬಳಿಗೆ ಮರಳುತ್ತದೆ. ವರುಷಕ್ಕೆ ಒಂದೇ ಮೊಟ್ಟೆ. ಕೊಕ್ಕಿನ ಅಡ್ಡಕ್ಕೆ ಸಾಲಾಗಿ ಪುಟ್ಟ ಮೀನುಗಳನ್ನು ಕಚ್ಚಿಕೊಂಡು ಮರಿಗೆ ಒಯ್ಯುವುದನ್ನು ಕಂಡು ಅಕ್ಕ, "ಸಂತೆ ಮುಗಿಸಿ ಬಂತು ನೋಡು" ಎಂದಳು. ಕಡಲು ಬೆಚ್ಚಗಾಗಿ ಆ ಮೀನುಗಳು ಕಡಿಮೆಯಾಗಿವೆಯೆಂದೂ, ಪಫಿನ್‌ಗಳ ಸಂಖ್ಯೆಯೂ ಇಳಿಯುತ್ತಿದೆಯೆಂದೂ ದೋಣಿಯ ಮಾರ್ಗದರ್ಶಿ ಹುಡುಗಿ ಹೇಳಿದಳು.

ದಡದಲ್ಲಿ ಇನ್ನೊಂದು ಹಕ್ಕಿಯ ಪರಿಚಯವಾಯಿತು, ಆರ್ಕ್ಟಿಕ್ ಟರ್ನ್. ಗೂಡಿನ ಹತ್ತಿರ ಹೋದರೆ ನೇರವಾಗಿ ನೆತ್ತಿಗೇ ಕುಟ್ಟುತ್ತದೆ. ಅಲ್ಲಿಯ ಜನ ತಲೆಯ ಮೇಲೆ ಕೋಲು ಎತ್ತಿ ಹಿಡಿದು ನಡೆಯುತ್ತಾರೆ. ಅದು ಎಲ್ಲಕ್ಕಿಂತ ಎತ್ತರದಲ್ಲಿರುವುದನ್ನೇ ಕುಟ್ಟುತ್ತದೆಯಂತೆ. ಅಂಗೈ ಅಗಲದ ಆ ಜೀವ ಪ್ರತಿವರ್ಷ ದಕ್ಷಿಣ ಧ್ರುವದ ಹಿಮಕಡಲಿಗೆ ಹೋಗಿ ಮರಳುತ್ತದೆ. ಗ್ರೀನ್‌ಲೆಂಡ್ ಮತ್ತು ಐಸ್‌ಲೆಂಡಿನ ಹಕ್ಕಿಗಳ ಕಾಲಿಗೆ ಯಂತ್ರ ಕಟ್ಟಿ ಅಳೆದಾಗ ವರ್ಷದ ಪ್ರಯಾಣ ಸರಾಸರಿ 70,000 ಕಿಲೋಮೀಟರು ಎಂದು ತಿಳಿಯಿತು. ಊರಿಗೆ ಹೋಗಲು ರೈಲಿನ ಟಿಕೆಟ್ಟು ಸಿಗದೆಂದು ಗೊಣಗುವ ನಮಗೆ ಸ್ವಲ್ಪ ನಾಚಿಕೆಯಾಯಿತು.

ತಿಮಿಂಗಿಲ ಕಾಣದ ಕಾರಣ ಎರಡನೆಯ ಸಲ ಹಣವಿಲ್ಲದೆ ಕರೆದೊಯ್ದರು. ಗಾಳಿ ನಿಂತಿತ್ತು. ಮಾರ್ಗದರ್ಶಿ ಹುಡುಗಿಯ ಲೆಕ್ಕದಲ್ಲಿ ದೋಣಿಯೇ ಒಂದು ಗಡಿಯಾರ. ಮೂತಿ ಹನ್ನೆರಡು ಗಂಟೆ, ಹಿಂಬದಿ ಆರು. "ಎರಡು ಗಂಟೆಗೆ!" ಎಂದು ಕೂಗಿದೊಡನೆ ಎಲ್ಲರೂ ಬಲಕ್ಕೆ ಓಡಿದೆವು. ಉಸಿರಿನ ಶಬ್ದ ಮೊದಲು ಕೇಳಿಸಿತು. ಕಮ್ಮಾರನ ತಿದಿಯಂಥ ಶಬ್ದ. ನೀರಿನ ಮೇಲೆ ಬಿಳಿಯ ಆವಿಯ ಕಂಬ. ಬಳಿಕ ಕರಿಯ ಬೆನ್ನು. ಗಾಳಿ ನಮ್ಮ ಕಡೆಗೆ ತಿರುಗಿದಾಗ ಬಂದ ವಾಸನೆಯೋ, ನಡುಹಗಲಿನ ಸಸೂನ್ ಡಾಕಿನದೇ! ಅದು ಗೂನುಬೆನ್ನಿನ ತಿಮಿಂಗಿಲ. ಬೆಳೆದದ್ದು 13ರಿಂದ 15 ಮೀಟರು ಉದ್ದ, ಸುಮಾರು 30 ಟನ್ ತೂಕ. ಮುಳುಗುವ ಮುನ್ನ ಬಾಲವನ್ನು ಎತ್ತಿತು. ಬಾಲದ ಅಡಿಯಲ್ಲಿರುವ ಕಪ್ಪು ಬಿಳಿಯ ಗುರುತು ಒಂದರಂತೆ ಇನ್ನೊಂದಕ್ಕಿಲ್ಲ. ನಮ್ಮ ಹೆಬ್ಬೆಟ್ಟಿನ ಗುರುತಿನಂತೆಯೇ. ಅದರಿಂದಲೇ ಪಂಡಿತರು ಒಂದೊಂದನ್ನೂ ಗುರುತು ಹಿಡಿದು ಪಟ್ಟಿ ಇಡುತ್ತಾರೆ.

ಪಕ್ಕದಲ್ಲಿ ಇನ್ನೊಂದು ಸಣ್ಣ ಉಸಿರು ಕೇಳಿಸಿತು. ಮರಿ! ಚಳಿಗಾಲದಲ್ಲಿ ದೂರದ ಬೆಚ್ಚನೆಯ ನೀರಿನಲ್ಲಿ, ವೆಸ್ಟ್ ಇಂಡೀಸಿನ ಸುತ್ತಿನಲ್ಲೋ ಎಲ್ಲೋ, ಹುಟ್ಟಿ ತಾಯಿಯೊಡನೆ ಮೊದಲ ಬಾರಿಗೆ ಉತ್ತರಕ್ಕೆ ಬಂದದ್ದು. ಆ ಬೆಚ್ಚನೆಯ ನೀರಿನಲ್ಲಿ ತಾಯಿಗೆ ಆಹಾರ ಇಲ್ಲವೆಂದೇ ಹೇಳಬೇಕು. ಚಳಿಗಾಲವೆಲ್ಲ ಉಪವಾಸ, ಮೈಯ ಕೊಬ್ಬನ್ನೇ ಹಾಲಾಗಿಸಿ ಮರಿಗೆ ಕುಡಿಸುತ್ತ ಸಾವಿರಾರು ಮೈಲಿ ಈಸಿ ಬರುತ್ತದೆ. ಇಲ್ಲಿ ತಿಂದು ತುಂಬಿಕೊಂಡರಷ್ಟೇ ತಾನೂ ಉಳಿಯುವುದು, ಮರಿಯೂ ಉಳಿಯುವುದು.

ಅಷ್ಟರಲ್ಲಿ ಇನ್ನೆರಡು ದೋಣಿಗಳು ಬಂದುವು. ತಾಯಿ ಎರಡು ಸಲ ದಿಕ್ಕು ಬದಲಿಸಿತು. ನಮ್ಮ ದೋಣಿಯ ಮುದುಕ ಯಜಮಾನ ಸ್ವಲ್ಪ ಹೊತ್ತು ನೋಡಿ, ಯಾರನ್ನೂ ಕೇಳದೆ, ದೋಣಿಯನ್ನು ಮೆಲ್ಲನೆ ಹಿಂದಕ್ಕೆ ತಿರುಗಿಸಿಬಿಟ್ಟ. ನಾವು ನೋಡಿದ್ದು ಹತ್ತು ನಿಮಿಷವೂ ಇರಲಾರದು. ನಿಧಾನವಾಗಿ ಸಮೀಪಿಸಬೇಕು, ಬಹಳ ಹೊತ್ತು ನಿಲ್ಲಬಾರದು ಎಂಬ ಕಟ್ಟುಪಾಡನ್ನು ಅಲ್ಲಿಯ ದೋಣಿಯವರು ತಾವಾಗಿಯೇ ಮಾಡಿಕೊಂಡಿದ್ದಾರೆಂದು ಹುಡುಗಿ ವಿವರಿಸಿದಳು. ಪ್ರಯಾಣಿಕರಲ್ಲಿ ಗೊಣಗಾಟ ಎದ್ದಿತು. ಮುಚ್ಚಿಡುವುದೇಕೆ, ನಾವೂ ಗೊಣಗಿದೆವು. ಇಷ್ಟು ದೂರ ಬಂದು, ಇಷ್ಟು ಹಣ ಸುರಿದು, ನಿನ್ನೆಯ ದಿನವನ್ನೂ ಕಳೆದುಕೊಂಡು, ಒಂದು ಸರಿಯಾದ ಚಿತ್ರವೂ ಬಂದಿರಲಿಲ್ಲ. "ಇನ್ನೊಂದೈದು ನಿಮಿಷ ನಿಲ್ಲಿಸಲು ಹೇಳೇ" ಎಂದು ಮಗಳನ್ನು ಒತ್ತಾಯಿಸಿದೆವು.

ಅಕ್ಕ ನಮ್ಮ ಕಡೆಗೆ ತಿರುಗಿದಳು. "ಬಾಣಂತಿ ಮನೆಗೆ ಹೋದರೆ ಎಷ್ಟು ಹೊತ್ತು ಕೂರ್ತಾರೆ? ಮಗು ನೋಡಬೇಕು, ಎದ್ದು ಬರಬೇಕು. ಅವಳು ಉಣ್ಣೋದು ಯಾವಾಗ?" ಎಂದಳು.

ನಮಗೆ ತಟ್ಟನೆ ನೆನಪಾದದ್ದು ನಮ್ಮ ಹಳೆಯ ಚಾಳಿನ ಒಂದೇ ಕೋಣೆ. ಮಗಳು ಹುಟ್ಟಿದ ಹೊಸತು. ಮಹಡಿಯವರೆಲ್ಲ ಅಕ್ಕರೆಯಿಂದ ನೋಡಲು ಬರುತ್ತಿದ್ದರು. ಬಂದವರು ಕುಳಿತು ಮಾತಿಗಿಳಿಯುತ್ತಿದ್ದರು. ಬಾಣಂತಿಯ ತಟ್ಟೆ ಆರಿ ತಣ್ಣಗಾಗುತ್ತಿತ್ತು. ಆಗ ಇದೇ ಅಕ್ಕ, ಹೊಸ ಊರು, ಬಾರದ ಭಾಷೆ ಎನ್ನದೆ, ಬಾಗಿಲಲ್ಲಿ ನಿಂತು ಅರಿಶಿನ ಕುಂಕುಮ ಕೊಟ್ಟು, ನಗುನಗುತ್ತಲೇ ಒಬ್ಬೊಬ್ಬರನ್ನೂ ಎಬ್ಬಿಸಿ ಕಳಿಸುತ್ತಿದ್ದಳು. ಅಂದು ಅವಳಿಗೆ ಮನಸ್ಸಿನಲ್ಲೇ ಕೈ ಮುಗಿದವರು ನಾವು. ಇಂದು ಎದ್ದು ಹೋಗದೆ ಕುಳಿತ ನೆರೆಯವರೂ ನಾವೇ ಆಗಿದ್ದೆವು! ನಾವು ಬಾಯಿ ಮುಚ್ಚಿಕೊಂಡೆವು. ದೋಣಿಯಲ್ಲಿ ಎಲ್ಲರಿಗೂ ಬಿಸಿ ಚಾಕೊಲೇಟು, ದಾಲ್ಚಿನ್ನಿ ಹಾಕಿದ ಬನ್ನು ಹಂಚಿದರು. ಅಕ್ಕ ಒಂದು ಬನ್ನನ್ನು ಮುದುಕನ ಕೈಗೆ ತಾನೇ ಕೊಟ್ಟು ಬಂದಳು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆದರೆ ಅವನು ಟೋಪಿ ತೆಗೆದು ತಲೆ ಬಾಗಿಸಿದ.

ಮರುದಿನ ಊರಿನ ತಿಮಿಂಗಿಲ ಸಂಗ್ರಹಾಲಯಕ್ಕೆ ಹೋದೆವು. 1997ರಲ್ಲಿ ಸ್ಥಾಪಿತವಾದ ಅದು ಈಗ ಇರುವುದು ಹಿಂದೆ ಕಸಾಯಿಖಾನೆಯಾಗಿದ್ದ ಕಟ್ಟಡದಲ್ಲಿ. 2010ರಲ್ಲಿ ದಡಕ್ಕೆ ಬಿದ್ದ ನೀಲಿ ತಿಮಿಂಗಿಲವೊಂದರ 25 ಮೀಟರಿನ ಅಸ್ಥಿಪಂಜರ ಅಲ್ಲಿದೆ. ಅದೇ ವಾರ, ಜೂನ್ 20ರಂದು, ಅಲ್ಲಿಯ ಸರಕಾರ ತಿಮಿಂಗಿಲ ಬೇಟೆಯನ್ನು ಆಗಸ್ಟ್ ಕೊನೆಯವರೆಗೆ ತಡೆಹಿಡಿದ ಸುದ್ದಿ ಬಂದಿತ್ತು. ವ್ಯಾಪಾರಕ್ಕಾಗಿ ಬೇಟೆಯಾಡಬಾರದೆಂಬ ಅಂತರರಾಷ್ಟ್ರೀಯ ಕಟ್ಟಳೆ 1986ರಲ್ಲಿ ಜಾರಿಗೆ ಬಂದರೂ ಐಸ್‌ಲೆಂಡ್ 2006ರಲ್ಲಿ ಮತ್ತೆ ಆರಂಭಿಸಿತ್ತು. ಈಟಿ ತಗುಲಿದ ಕೆಲವು ಪ್ರಾಣಿಗಳು ಬಹಳ ಹೊತ್ತು ನರಳಿ ಸಾಯುವುದು ತಪಾಸಣೆಯಲ್ಲಿ ಕಂಡುಬಂದದ್ದೇ ಆ ತಡೆಗೆ ಕಾರಣ. ಆ ಸೆಪ್ಟೆಂಬರಿನಲ್ಲಿ ಬಿಗಿಯಾದ ನಿಯಮಗಳೊಡನೆ ಬೇಟೆಗೆ ಮತ್ತೆ ಅನುಮತಿ ದೊರೆಯಿತು. ರೇಕ್ಯಾವಿಕ್‌ನ ಒಂದು ಹೋಟೆಲಿನ ತಿಂಡಿಪಟ್ಟಿಯಲ್ಲಿ ಆ ಮಾಂಸದ ಹೆಸರನ್ನು ನಾವೇ ಕಂಡೆವು. ಅದನ್ನು ಕೇಳಿ ತಿನ್ನುವವರು ಬಹಳ ಮಟ್ಟಿಗೆ ನಮ್ಮಂಥ ಪ್ರವಾಸಿಗಳೇ ಅಂತೆ.

ಈಟಿ ಹಿಡಿದವನನ್ನು ಬೈಯುವುದು ಸುಲಭ. ಕ್ಯಾಮೆರಾ ಹಿಡಿದು ಮೂರು ದೋಣಿಗಳಲ್ಲಿ ಸುತ್ತುವರಿದವರಿಗೂ ಒಂದು ಲೆಕ್ಕವಿದೆಯೆಂಬುದು ನಮಗೆ ಆ ದಿನ ಹೊಳೆಯಿತು. ನೋಡುವುದೂ ಒಂದು ಬಗೆಯ ಪಡೆಯುವುದೇ. ಹೊಟ್ಟೆಪಾಡಿಗೆ ಬೇರೆಯವರ ಊರಿಗೆ ಬಂದು ನೆಲೆಸಿದ ನಮ್ಮಂಥವರು, ನೆಂಟತನದ ಅಳತೆಯನ್ನು ಉಳಿದವರಿಗಿಂತ ಹೆಚ್ಚು ಬಲ್ಲವರಾಗಿರಬೇಕಿತ್ತು. ಆ ಅಳತೆಯನ್ನು ನಮಗೆ ನೆನಪಿಸಿದವಳು ಊರು ಬಿಟ್ಟು ಹೊರಡದ ಅಕ್ಕ.

ಮುಂಬಯಿಗೆ ಮರಳಿದ ಮೇಲೆ ಓದಿ ತಿಳಿದದ್ದು: ನಮ್ಮ ಅರಬ್ಬಿ ಸಮುದ್ರದಲ್ಲಿಯೂ ಇದೇ ಗೂನುಬೆನ್ನಿನ ತಿಮಿಂಗಿಲಗಳ ಒಂದು ಸಣ್ಣ ಬಳಗವಿದೆ. ಉಳಿದವುಗಳಂತೆ ಧ್ರುವಕ್ಕೆ ಹೋಗದೆ ವರ್ಷವೆಲ್ಲ ಇಲ್ಲಿಯೇ ಇರುತ್ತವೆ. ಉಳಿದಿರುವುದು ಬಹಳ ಕಡಿಮೆ. 2017ರಲ್ಲಿ ಒಮಾನಿನ ಬಳಿ ಯಂತ್ರ ಜೋಡಿಸಿದ ಒಂದು ಹೆಣ್ಣು ಸಮುದ್ರ ದಾಟಿ ನಮ್ಮ ದೇಶದ ಪಶ್ಚಿಮ ಕರಾವಳಿಯವರೆಗೆ ಬಂದು ಹೋಯಿತಂತೆ.

ಇದನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹಿಂದೆ ತೆರೆಯ ಸದ್ದು ಕೇಳುತ್ತಿತ್ತು.

"ನಮ್ಮ ಮನೆ ಮುಂದೇ ಹೋಗಿತ್ತೋ ಏನೋ" ಎಂದಳು. "ನೋಡಲಿಲ್ಲವಲ್ಲ ಅಂತ ನೀವು ಬೇಜಾರು ಮಾಡಬೇಡಿ. ಅದರ ಪಾಡಿಗೆ ಅದು ಉಂಡುಕೊಂಡು ಹೋಗಲಿ."