ಸಿಯಾಟಲ್‌ನಲ್ಲಿ ಮೊಮ್ಮಗನ ನಕ್ಷೆ

ಪರದೇಶದಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿಬಂದ ಹಿರಿಯರು ಈಗ ನಮ್ಮ ಸಮಾಜದಲ್ಲಿ ಪ್ರತಿ ಊರಿನಲ್ಲಿಯೂ ಇದ್ದಾರೆ. ಪ್ರವಾಸದ ಬಗೆಗೆ ಕೇಳಿದರೆ ಮೊದಲು ಎತ್ತರದ ಕಟ್ಟಡಗಳ, ಅಚ್ಚುಕಟ್ಟಾದ ರಸ್ತೆಗಳ ವರ್ಣನೆ ಬರುತ್ತದೆ. ಮಾತು ಬೆಳೆದು ಸಲಿಗೆ ಉಂಟಾದ ಮೇಲೆ ಮಾತ್ರ ಇನ್ನೊಂದು ಸಂಗತಿ ಹೊರಬೀಳುತ್ತದೆ: “ಎಲ್ಲಾ ಚಲೋ ಇತ್ತು. ಆದರ ಮನಿ ಬಿಟ್ಟು ಹೊರಗ ಹೋಗಬೇಕಂದ್ರ ಯಾರಾದರೂ ಕಾರಿನಾಗ ಕರಕೊಂಡು ಹೋಗಬೇಕು.”

2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ವಾಯವ್ಯ ಮೂಲೆಯ ಬೆಲ್‌ವ್ಯೂ ನಗರದಲ್ಲಿ ಮಗಳ ಮನೆಗೆ ಹೋದಾಗ ನನಗೂ ಇದೇ ಅನುಭವವಾಯಿತು. ವಾಷಿಂಗ್ಟನ್ ಸರೋವರದ ಪೂರ್ವ ದಂಡೆಯಲ್ಲಿ ಬೆಲ್‌ವ್ಯೂ, ಪಶ್ಚಿಮ ದಂಡೆಯಲ್ಲಿ ಸಿಯಾಟಲ್. ಮಗಳು, ಅಳಿಯ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ನಾನು ಕಿಟಕಿಯ ಬಳಿ ಕುಳಿತು ಎದುರಿನ ದೇವದಾರು ಮರಗಳನ್ನು ನೋಡುವುದು. ಮೂವತ್ತು ವರ್ಷ ಧಾರವಾಡದ ಶಾಲೆಯಲ್ಲಿ ಭೂಗೋಳ ಕಲಿಸಿ, ಕಪ್ಪುಹಲಗೆಯ ಮೇಲೆ ಖಂಡಖಂಡಗಳ ನಕ್ಷೆ ಬಿಡಿಸಿದವನಿಗೆ ಅರ್ಧ ಮೈಲಿಯಾಚೆ ಏನಿದೆಯೆಂದು ತಿಳಿಯದು!

ಮನೆಯಲ್ಲಿ ಇನ್ನೊಂದು ಚಿಂತೆಯೂ ಇತ್ತು. ಒಂದು ರಾತ್ರಿ ಮಗಳು ನನ್ನ ಬಳಿ ಬಂದು, “ಅಪ್ಪಾಜಿ, ನೀವಾದರೂ ಅವನಿಗೆ ತಿಳಿಸಿ ಹೇಳ್ರಿ. ಯಾವಾಗ ನೋಡಿದರೂ ಬಂದೂಕಿನ ಆಟ. ನನ್ನ ಮಾತು ಕೇಳೂದಿಲ್ಲ” ಎಂದಳು. ಅವನೆಂದರೆ ಹದಿನಾಲ್ಕು ವರ್ಷದ ಮೊಮ್ಮಗ. ಇರುವೆಯನ್ನು ತುಳಿದರೂ ಗದರಿಸುವ ತಾಯಿಯ ಕೈಯಲ್ಲಿ ಬೆಳೆದವನು ನಾನು. ಹುಡುಗನಿಗೆ ಬುದ್ಧಿ ಹೇಳಲೇಬೇಕೆಂದು ನಿಶ್ಚಯಿಸಿ ಮರುದಿನ ಅವನ ಕೋಣೆಗೆ ಹೋದೆ.

ಜನರಿಲ್ಲದ ಬೀದಿಗಳು

ಅವನ ಕಂಪ್ಯೂಟರಿನಲ್ಲಿ ಬಂದೂಕೂ ಇರಲಿಲ್ಲ, ಸೈನಿಕರೂ ಇರಲಿಲ್ಲ. ಮರಳಿನ ಬಣ್ಣದ ಗೋಡೆಗಳು, ಒಂದು ಕಮಾನು, ಅದರಾಚೆ ಬಿಸಿಲು ಬಿದ್ದ ಚೌಕ. ಹುಡುಗ ಆಡುತ್ತಿರಲಿಲ್ಲ, ಕಟ್ಟುತ್ತಿದ್ದ. “ಇದು ಮ್ಯಾಪ್, ಅಜ್ಜ. ಆಟ ಕಂಪನಿಯವರದು. ಅದರೊಳಗಿನ ಊರು ಯಾರು ಬೇಕಾದರೂ ಮಾಡಬಹುದು” ಎಂದ.

ಅವನು ವಿವರಿಸಿದ ಇತಿಹಾಸ ಸ್ವಾರಸ್ಯಕರವಾಗಿತ್ತು. 1993ರಲ್ಲಿ ‘ಡೂಮ್’ ಎಂಬ ಆಟ ಬಂದಾಗ, ಅದರ ಯಂತ್ರಭಾಗವನ್ನೂ ಊರು-ಕೋಣೆಗಳ ವಿವರವನ್ನೂ ಬೇರೆಬೇರೆ ಕಡತಗಳಲ್ಲಿ ಇಟ್ಟಿದ್ದರಂತೆ. ಹೀಗಾಗಿ ಆಡುವವರೇ ಹೊಸ ಅಂಗಳಗಳನ್ನು ರಚಿಸಲು ತೊಡಗಿದರು. ಬೆಲ್‌ವ್ಯೂ ನಗರದಲ್ಲಿಯೇ ಕಚೇರಿಯುಳ್ಳ ವಾಲ್ವ್ ಕಂಪನಿ 1998ರಲ್ಲಿ ‘ಹಾಫ್ ಲೈಫ್’ ಎಂಬ ಆಟವನ್ನು ಹೊರತಂದಿತು. ಮರುವರ್ಷ ಮಿನ್ ಲೆ, ಜೆಸ್ ಕ್ಲಿಫ್ ಎಂಬ ಇಬ್ಬರು ಅಭಿಮಾನಿಗಳು ಅದನ್ನು ಮಾರ್ಪಡಿಸಿ ‘ಕೌಂಟರ್ ಸ್ಟ್ರೈಕ್’ ಮಾಡಿದರು. 2000ದಲ್ಲಿ ಕಂಪನಿಯೇ ಅದನ್ನು ತನ್ನದಾಗಿಸಿಕೊಂಡು ಪ್ರಕಟಿಸಿತು. ಆ ಆಟದ ‘ಡಸ್ಟ್’ ಎಂಬ ಪ್ರಸಿದ್ಧ ಅಂಗಳವನ್ನು 1999ರಲ್ಲಿ ಕಟ್ಟಿದವನು ಡೇವ್ ಜಾನ್‌ಸ್ಟನ್ ಎಂಬ ಬ್ರಿಟಿಷ್ ಹುಡುಗ. ಅವನದೇ ‘ಡಸ್ಟ್ 2’ ಬಂದದ್ದು 2001ರಲ್ಲಿ. ನನ್ನ ಮೊಮ್ಮಗ ಹುಟ್ಟುವ ಮೊದಲೇ ಯಾರೋ ಕಟ್ಟಿದ ಆ ಬೀದಿಗಳಲ್ಲಿ ಇಂದಿಗೂ ಜಗತ್ತಿನ ಮಕ್ಕಳು ಓಡಾಡುತ್ತಾರೆ.

ಇಂಥ ಅಂಗಳಗಳನ್ನು ಕಟ್ಟಿದ ಬಹುಮಂದಿ ಒಂದು ಕಾಸೂ ಪಡೆಯದೆ ಅವನ್ನು ಎಲ್ಲರಿಗೂ ಹಂಚಿಬಿಡುತ್ತಿದ್ದರು. ಇದನ್ನು ಕೇಳಿದಾಗ ನನಗೆ ತಟ್ಟನೆ ‘ದಾಸೋಹ’ ಎಂಬ ಮಾತು ನೆನಪಾಯಿತು. ಆಡಿದರೆ ನಕ್ಕಾನೆಂದು ಸುಮ್ಮನಿದ್ದೆ.

ಹುಡುಗನ ಬಳಿ ಒಂದು ನೋಟುಪುಸ್ತಕವಿತ್ತು. ಅದರಲ್ಲಿ ಅಭಿಮಾನಿಗಳು ಕಟ್ಟಿದ ಅಂಗಳಗಳ ವಿಮರ್ಶೆ. ಪ್ರತಿಯೊಂದಕ್ಕೂ ನಾಲ್ಕು ಪ್ರಶ್ನೆ: ಮೊದಲ ಬಾರಿ ಬಂದವನಿಗೆ ದಾರಿ ತಿಳಿಯುತ್ತದೆಯೇ? ದೂರದಿಂದ ಕಾಣುವ ಗುರುತು ಇದೆಯೇ? ದಾರಿ ತಪ್ಪಿದರೆ ಹಿಂದಿರುಗುವುದು ಸುಲಭವೇ? ಎರಡೂ ಪಕ್ಷಕ್ಕೆ ನ್ಯಾಯವಿದೆಯೇ?

‘ಡಸ್ಟ್ 2’ಕ್ಕೆ ಅವನು ಹೆಚ್ಚು ಅಂಕ ಕೊಟ್ಟಿದ್ದ. ಅಲ್ಲಿ ಮುಖ್ಯ ಸ್ಥಳಗಳು ಎರಡೇ. ಅವುಗಳ ಕಡೆಗೆ ಗೋಡೆಯ ಮೇಲೆಯೇ ಅಕ್ಷರವೂ ಬಾಣದ ಗುರುತೂ ಇವೆ. ಬಯಲಿನ ಉದ್ದ ದಾರಿ, ಕತ್ತಲೆಯ ಸುರಂಗ, ನಡುವಿನ ಓಣಿ ಒಂದರಂತೆ ಇನ್ನೊಂದಿಲ್ಲ. ಕಣ್ಣುಕಟ್ಟಿ ಬಿಟ್ಟರೂ ಎಲ್ಲಿದ್ದೇವೆಂದು ಗೊತ್ತಾಗುತ್ತದೆ ಎಂದು ಬರೆದಿದ್ದ. ‘ಇಟಲಿ’ ಎಂಬ ಇನ್ನೊಂದು ಹಳೆಯ ಅಂಗಳದ ಬಗೆಗೆ: ಇಕ್ಕಟ್ಟಾದ ಓಣಿಗಳಿಂದ ಗೊಂದಲವಾಗುತ್ತದೆ, ಆದರೆ ಒಂದು ಮನೆಯಿಂದ ಕೇಳಿಬರುವ ಸಂಗೀತವೇ ದಾರಿ ತೋರಿಸುತ್ತದೆ. ಇದು ನನಗೆ ಬಹಳ ಹಿಡಿಸಿತು. ಗಿರಣಿಯ ಸದ್ದನ್ನು ಹಿಡಿದು ಅಜ್ಜಿಯ ಮನೆ ಹುಡುಕುತ್ತಿದ್ದ ಬಾಲ್ಯ ನನ್ನದು.

ಅನಂತರ ತನ್ನದೇ ಅಂಗಳದಲ್ಲಿ ನನ್ನನ್ನು ನಡೆಯಹೇಳಿದ. ಕೀಲಿಗಳನ್ನು ಒತ್ತುತ್ತ ಹೊರಟೆ. ಒಂದೇ ಮೂಲೆಗೆ ಮೂರು ಸಲ ಬಂದು ನಿಂತೆ. ನನ್ನ ಮುದಿತನವೆಂದು ನಾಚಿಕೊಂಡರೆ ಅವನು ಒಪ್ಪಲಿಲ್ಲ. “ತಪ್ಪು ನಿಮ್ಮದಲ್ಲ ಅಜ್ಜ, ಮ್ಯಾಪಿಂದು. ಮೂರು ಬಾಗಿಲಿಗೂ ಒಂದೇ ಬಣ್ಣ ಹಚ್ಚೀನಿ” ಎಂದು ನೋಟುಪುಸ್ತಕದಲ್ಲಿ ಬರೆದುಕೊಂಡ. ನನ್ನ ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ದಾರಿ ತಪ್ಪಿದ ವಿದ್ಯಾರ್ಥಿಗೆ ಈ ಮಾತನ್ನು ಎಷ್ಟು ಸಲ ಹೇಳಿದ್ದೆ? ಒಮ್ಮೆಯೂ ನೆನಪಾಗಲಿಲ್ಲ.

ಆದರೂ ಮನಸ್ಸಿನಲ್ಲಿದ್ದುದನ್ನು ಮುಚ್ಚಿಡಲಿಲ್ಲ. “ಊರು ಚಂದ ಕಟ್ಟೀದಿ. ಅದರಾಗ ಮನುಷ್ಯ ಮನುಷ್ಯನ್ನ ಹೊಡೆಯೂದು ಮಾತ್ರ ನನಗ ಸೇರೂದಿಲ್ಲ” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಟ್ಟುವಾಗ ಯಾರೂ ಯಾರನ್ನೂ ಹೊಡೆಯೂದಿಲ್ಲ” ಎಂದ. ಅದು ಪೂರ್ತಿ ಉತ್ತರವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಬಸ್ಸು ಕಲಿಸಿದ ಪಾಠ

ಬೆಲ್‌ವ್ಯೂದಲ್ಲಿ ಅದೇ ವರ್ಷ ಏಪ್ರಿಲ್ 27ರಂದು ಹೊಸ ಲಘು ರೈಲು ಆರಂಭವಾಗಿತ್ತು. ಅದಕ್ಕೆ ‘2 ಲೈನ್’ ಎಂದು ಹೆಸರು. ಆಗ ಸೌತ್ ಬೆಲ್‌ವ್ಯೂದಿಂದ ರೆಡ್ಮಂಡ್ ಟೆಕ್ನಾಲಜಿಯವರೆಗೆ ಎಂಟು ನಿಲ್ದಾಣ, ಸುಮಾರು ಹತ್ತು ಕಿಲೋಮೀಟರು. ಸೌತ್ ಬೆಲ್‌ವ್ಯೂ ನಿಲ್ದಾಣದ ಪಕ್ಕದಲ್ಲಿಯೇ ಮರ್ಸರ್ ಸ್ಲೂ ಎಂಬ ಜೌಗು ಪ್ರದೇಶದ ಉದ್ಯಾನವಿದೆ. ಅದನ್ನು ನೋಡುವ ಆಸೆಯಿಂದ ಒಂದು ಮಧ್ಯಾಹ್ನ ಒಬ್ಬನೇ ಹೊರಟೆ. ಬೆಲ್‌ವ್ಯೂ ಪೇಟೆಯ ನಿಲ್ದಾಣದಲ್ಲಿ ಎರಡು ಅಂಕೆಯ ರೈಲು ಬಂದಿತು, ಹತ್ತಿದೆ, ಇಳಿದೆ. ಇಳಿದದ್ದು ಮೈಕ್ರೋಸಾಫ್ಟ್ ಕಂಪನಿಯ ಅಂಗಳದ ಎದುರು, ರೆಡ್ಮಂಡಿನಲ್ಲಿ! ಅಂಕೆಯನ್ನು ನೋಡಿದ್ದೆನೇ ಹೊರತು ಕೊನೆಯ ನಿಲ್ದಾಣದ ಹೆಸರನ್ನು ಓದಿರಲಿಲ್ಲ.

ಮನೆಗೆ ಬಂದು ಮಗಳಿಗೆ ಹೇಳಲು ಸಂಕೋಚವಾಯಿತು, ಮೊಮ್ಮಗನಿಗೆ ಹೇಳಿದೆ. ಅವನು ನಗಲಿಲ್ಲ. ಹೊಸ ಪುಟ ತೆರೆದು “2 ಲೈನ್” ಎಂದು ತಲೆಬರಹ ಕೊಟ್ಟು, ನನ್ನನ್ನು ಪ್ರಶ್ನಿಸತೊಡಗಿದ. ಎಲ್ಲಿ ನಿಂತಿದ್ದಿರಿ? ಮೊದಲು ಏನು ಕಂಡಿತು? ಆ ಸಂಜೆಯಿಂದ ನಮ್ಮಿಬ್ಬರ ಶನಿವಾರಗಳು ನಿಶ್ಚಿತವಾದವು. ತಾಯಿಯ ಅಪ್ಪಣೆಯನ್ನು ನಾನೇ ಕೇಳಿದೆ. ಅವನಿಗೆ ಒಬ್ಬನೇ ಹೋಗಲು ಅನುಮತಿ ಇರಲಿಲ್ಲ, ನನಗೆ ಧೈರ್ಯವಿರಲಿಲ್ಲ.

ಅಲ್ಲಿ 65 ತುಂಬಿದವರು ವಯಸ್ಸಿನ ದಾಖಲೆ ತೋರಿಸಿದರೆ ರಿಯಾಯಿತಿಯ ‘ಆರ್ಕಾ’ ಕಾರ್ಡು ಕೊಡುತ್ತಾರೆ. ಆಗ ಹಿರಿಯರಿಗೆ ಬಸ್ಸಾಗಲಿ ರೈಲಾಗಲಿ ಒಂದು ಡಾಲರು. 18 ಮತ್ತು ಅದರ ಕೆಳಗಿನವರಿಗೆ 2022ರಿಂದ ಉಚಿತ. ಕಾರ್ಡು ಮುಟ್ಟಿಸಿದ ಮೇಲೆ ಎರಡು ಗಂಟೆಯೊಳಗೆ ಬಸ್ಸು ಬದಲಿಸಿದರೆ ಮತ್ತೆ ಹಣವಿಲ್ಲ. ಅಜ್ಜ-ಮೊಮ್ಮಗ ಇಬ್ಬರೂ ಒಂದೇ ಡಾಲರಿನಲ್ಲಿ ಸರೋವರ ದಾಟಿದೆವು. ಮೊಣಕಾಲು ನೋವಿನವರು ಹೆದರಬೇಕಾಗಿಲ್ಲ. ಕೇಳಿದರೆ ಚಾಲಕ ಬಸ್ಸಿನ ಮುಂಭಾಗವನ್ನು ನೆಲದತ್ತ ತಗ್ಗಿಸುತ್ತಾನೆ. ಇಳಿಯುವಾಗ ಬಹುಮಂದಿ ಅವನಿಗೆ ಕೃತಜ್ಞತೆ ಹೇಳಿಯೇ ಇಳಿಯುತ್ತಾರೆ. ಈ ರೂಢಿ ನಮ್ಮಲ್ಲಿಯೂ ಬಂದರೆ ಒಳ್ಳೆಯದು.

ಆಗ ಸಿಯಾಟಲ್‌ಗೆ ನಮ್ಮನ್ನು ಒಯ್ದದ್ದು 550ನೆಯ ಬಸ್ಸು. ದಾರಿಯಲ್ಲಿ ಸರೋವರದ ಮೇಲೆ ತೇಲುವ ಸೇತುವೆ. ಪೊಳ್ಳಾದ ಕಾಂಕ್ರೀಟ್ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿ ಅದರ ಮೇಲೆ ಹೆದ್ದಾರಿ ಮಾಡಿದ್ದಾರೆ. ಜೋಡಿ ಸೇತುವೆಗಳಲ್ಲಿ ಒಂದು 1990ರ ನವೆಂಬರಿನಲ್ಲಿ, ದುರಸ್ತಿಯ ಕಾಲದಲ್ಲಿ ಬಿರುಗಾಳಿ ಬಂದು, ಪೆಟ್ಟಿಗೆಗಳಲ್ಲಿ ನೀರು ತುಂಬಿ ಮುಳುಗಿತ್ತು. 1993ರಲ್ಲಿ ಮತ್ತೆ ಕಟ್ಟಿದರು. ಇದನ್ನು ಹೇಳಿದಾಗ ಹುಡುಗ, “ಹಳೆ ಮ್ಯಾಪ್‌ನಲ್ಲೂ ಹಂಗೇ ಅಜ್ಜ. ಗೋಡೆಯಲ್ಲಿ ಒಂದು ಸಂದಿ ಉಳಿದರೂ ಲೀಕ್ ಅಂತ ತೋರಿಸ್ತದೆ. ಅದನ್ನು ಮುಚ್ಚೋತನಕ ಕೆಲಸ ಮುಂದೆ ಹೋಗೂದಿಲ್ಲ” ಎಂದ.

ಸಿಯಾಟಲ್ ಪೇಟೆಗೆ ಅವನ ನಾಲ್ಕು ಪ್ರಶ್ನೆಗಳನ್ನು ಹಾಕಿದೆವು. ಅಲ್ಲಿನ ಅಡ್ಡಬೀದಿಗಳ ಹೆಸರುಗಳು ಒಂದೇ ಅಕ್ಷರದ ಜೋಡಿಗಳಾಗಿವೆ: ಪೈನ್-ಪೈಕ್, ಯೂನಿಯನ್-ಯೂನಿವರ್ಸಿಟಿ, ಸೆನೆಕ-ಸ್ಪ್ರಿಂಗ್, ಮ್ಯಾಡಿಸನ್-ಮೇರಿಯನ್. 1907ರಿಂದ ನಡೆಯುತ್ತಿರುವ ಪೈಕ್ ಪ್ಲೇಸ್ ಮಾರುಕಟ್ಟೆಯಿಂದ ಹಡಗುಕಟ್ಟೆಯ ಕಡೆಗೆ ನಡೆಯುವವನು ಪ, ಯೂ, ಸ, ಮ ಎಂದು ಎಣಿಸುತ್ತ ಹೋದರೆ ಸಾಕು, ದಾರಿ ತಪ್ಪುವುದಿಲ್ಲ. ಮೊಬೈಲಿನ ಸಣ್ಣ ಅಕ್ಷರ ಕಾಣದ ನನ್ನಂಥವನಿಗೆ ಇದು ವರದಾನ. ವಿಮಾನ ನಿಲ್ದಾಣದ ಕಡೆಗೆ ಹೋಗುವ ‘1 ಲೈನ್’ ರೈಲು 2009ರಲ್ಲಿ ಆರಂಭವಾದಾಗ, ಇಂಗ್ಲಿಷ್ ಓದಲು ಬಾರದವರಿಗೂ ತಿಳಿಯಲೆಂದು ನಿಲ್ದಾಣಕ್ಕೊಂದು ಚಿತ್ರವನ್ನು ಗುರುತಾಗಿ ಕೊಟ್ಟಿದ್ದರು: ಬೀಕನ್ ಹಿಲ್‌ಗೆ ಗಾಳಿಪಟ, ರೇನಿಯರ್ ಬೀಚಿಗೆ ಕೊಕ್ಕರೆ, ಒಥೆಲೊ ನಿಲ್ದಾಣಕ್ಕೆ ಜಿಂಕೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ನಮ್ಮ ಬಸ್ಸಿಗೆ ‘ಚಿಗರಿ’ ಎಂದು ಹೆಸರಿಟ್ಟಿರುವುದನ್ನು ನಾನು ಹೇಳಿದೆ. ಚಿಗರಿ ಎಂದರೆ ಜಿಂಕೆಯ ಜಾತಿಯದೇ ಎಂದು ತಿಳಿದು ಅವನಿಗೆ ಹಿಗ್ಗು.

ಇಳಿಹೊತ್ತಿನಲ್ಲಿ ಬೇನ್‌ಬ್ರಿಜ್ ದ್ವೀಪಕ್ಕೆ ಹೋಗುವ ಹಡಗು ಹತ್ತಿದೆವು. ಮೂವತ್ತೈದು ನಿಮಿಷದ ದಾರಿ. ನಡೆದು ಹತ್ತುವವರಿಗೆ ಹೋಗುವಾಗ ಮಾತ್ರ ಟಿಕೀಟು, ಬರುವಾಗ ಇಲ್ಲ. ಮೇಲಂತಸ್ತಿನಿಂದ ಇಡೀ ಸಿಯಾಟಲ್ ಒಂದೇ ನೋಟಕ್ಕೆ ಸಿಕ್ಕಿತು. ಬೆಳಗಿನಿಂದ ನಡೆದ ಬೀದಿಗಳನ್ನು ಹುಡುಗ ಬೆರಳಿನಿಂದ ತೋರಿಸುತ್ತಿದ್ದ.

ಒಂದು ಕನ್ನಡ ಹಾಳೆ

ಬುದ್ಧಿ ಹೇಳಬೇಕೆಂದು ಮಗಳು ವಹಿಸಿದ್ದ ಕೆಲಸ ಬಾಕಿಯೇ ಇತ್ತು. ಇಂಥ ಆಟಗಳಿಗೆ ಅಮೆರಿಕದಲ್ಲಿ ‘ಹದಿನೇಳು ಮೇಲ್ಪಟ್ಟವರಿಗೆ’ ಎಂಬ ಮುದ್ರೆ ಇರುತ್ತದೆ. ಮೂವರೂ ಕುಳಿತು ಮಾತಾಡಿದೆವು. ಹದಿನೇಳರವರೆಗೆ ಆಡುವುದಿಲ್ಲ, ಆದರೆ ಕಟ್ಟಬಹುದು, ವಿಮರ್ಶೆ ಬರೆಯಬಹುದು ಎಂದು ತೀರ್ಮಾನವಾಯಿತು. ಹುಡುಗ ಸಂತೋಷದಿಂದ ಒಪ್ಪಲಿಲ್ಲ. ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ನೋಟುಪುಸ್ತಕ ಹಿಡಿದು ಬಂದು, “ಅಜ್ಜ, ಬಸ್ಸಿನ ಮ್ಯಾಪು ಮಾಡೋಣೇನು?” ಎಂದ.

ಹೀಗೆ ಸಿದ್ಧವಾದದ್ದು ಒಂದು ಹಾಳೆ. ನಕ್ಷೆ ಅವನದು, ಕನ್ನಡ ಅಕ್ಷರ ನನ್ನದು. ಅಂಕೆಗಿಂತ ಮೊದಲು ಕೊನೆಯ ಊರಿನ ಹೆಸರು ಓದಿರಿ. ರೈಲು ಹತ್ತುವ ಮುಂಚೆ ನಿಲ್ದಾಣದಲ್ಲಿಯೇ ಕಾರ್ಡು ಮುಟ್ಟಿಸಿರಿ. ಇಳಿದ ಕಡೆಯಿಂದಲೇ ಹಿಂದಿರುಗುವ ಬಸ್ಸು ಸಿಗದು, ರಸ್ತೆಯ ಆಚೆ ಬದಿಗೆ ನೋಡಿರಿ. ಮನೆಯ ವಿಳಾಸ ಕಿಸೆಯಲ್ಲಿರಲಿ. ಇಷ್ಟೇ.

ಹಾಳೆಯನ್ನು ಪರೀಕ್ಷಿಸದೆ ಹಂಚಬಾರದೆಂದು ಮೊಮ್ಮಗನ ಪಟ್ಟು. ನೆರೆಯಲ್ಲಿ ಮಗನ ಮನೆಗೆ ಬಂದಿದ್ದ ದಾವಣಗೆರೆ ಕಡೆಯ ಹಿರಿಯ ತಾಯಿಯೊಬ್ಬರಿದ್ದರು. ಇಂಗ್ಲಿಷ್ ಬಾರದು, ಐದು ತಿಂಗಳಿನಿಂದ ಒಬ್ಬರೇ ಹೊರಗೆ ಹೋದವರಲ್ಲ. ಅವರು ಹಾಳೆ ಹಿಡಿದು ಮುಂದೆ ನಡೆಯಬೇಕು, ನಾವು ಹತ್ತು ಹೆಜ್ಜೆ ಹಿಂದೆ, ಮಾತಾಡದೆ. ಬಸ್ಸು ನಿಲ್ದಾಣದ ಬಳಿ ಅವರು ಎಡಕ್ಕೆ ತಿರುಗಬೇಕಾದಲ್ಲಿ ಬಲಕ್ಕೆ ತಿರುಗಿದರು. ನಾನು ಕೂಗಲು ಬಾಯಿ ತೆರೆದೆ. ಹುಡುಗ ನನ್ನ ತೋಳು ಹಿಡಿದ. ಸ್ವಲ್ಪ ದೂರ ಹೋಗಿ ಅವರೇ ನಿಂತು, ಹಾಳೆ ನೋಡಿ, ಹಿಂದಿರುಗಿದರು. ತಪ್ಪು ಹಾಳೆಯದು: ಎಡಬದಿಯಲ್ಲಿದ್ದ ಗಡಿಯಾರವನ್ನು ನಾವು ಬರೆಯಲು ಮರೆತಿದ್ದೆವು. ಅದನ್ನು ಸೇರಿಸಿ ಹೊಸ ಪ್ರತಿ ಮಾಡಿದೆವು.

ಸಂಜೆ ಆ ತಾಯಿ ಮನೆಗೆ ಬಂದು ಹುಡುಗನ ಹಣೆಗೆ ವಿಭೂತಿ ಹಚ್ಚಿ, “ನಾಳೆ ನಾನೊಬ್ಬಳೇ ಹೋಗಿ ಬರ್ತೀನಿ ಕಂದಾ. ನೀವು ಹಿಂದೆ ಬರಬ್ಯಾಡ್ರಿ” ಎಂದರು.

ನಾನು ಧಾರವಾಡಕ್ಕೆ ಮರಳುವ ವೇಳೆಗೆ ಹಾಳೆಯ ಹದಿನೇಳು ಪ್ರತಿಗಳು ಮನೆಮನೆ ಸೇರಿದ್ದವು. ಬಂದೂಕಿನ ಆಟದ ಬಗೆಗೆ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಮೊಮ್ಮಗನಿಗೂ ಅದು ಗೊತ್ತು. ಹೊಸ ಅಂಗಳ ಕಟ್ಟಿದಾಗಲೆಲ್ಲ ಮೊದಲು ನನ್ನನ್ನೇ ಕರೆದು ನಡೆಸುತ್ತಾನೆ. ಅಜ್ಜ ದಾರಿ ತಪ್ಪಿದ ಕಡೆ ಗುರುತು ಹಾಕಿಕೊಳ್ಳುತ್ತಾನೆ.